ಮದುವೆ ನೋಟಿಸು ಹೊತ್ತ ಹಲಗೆ

ನಾನು ಹುಟ್ಟಿದ್ದು ಜೈಲಿನಲ್ಲಿ. ಕೇಳಿದವರು ಗಾಬರಿಯಾಗಬೇಕಿಲ್ಲ. ಆ ಕಾಲದಲ್ಲಿ ಸರ್ಕಾರಿ ಕಚೇರಿಗಳ ಎಷ್ಟೋ ಮೇಜು, ಕುರ್ಚಿ, ಬೆಂಚುಗಳು ಜೈಲಿನ ಬಡಗಿ ಶೆಡ್ಡಿನಲ್ಲೇ ತಯಾರಾಗುತ್ತಿದ್ದವು. ನಾನೊಂದು ನೋಟಿಸ್ ಬೋರ್ಡು. ಸಾಗವಾನಿಯ ಚೌಕಟ್ಟು, ಹಸಿರು ಬಟ್ಟೆ ಹೊದೆಸಿದ ಹಲಗೆ, ಮುಂದೆ ಎರಡು ಗಾಜಿನ ಬಾಗಿಲು. ನನ್ನನ್ನು ಮಾಡಿದವನು ನನ್ನ ಮೂಲೆಗಳನ್ನು ಮೊಳೆ ಹೊಡೆಯದೆ ಕಚ್ಚು ಹಾಕಿ ಕೂಡಿಸಿದ. ಅವನು ಏನು ಮಾಡಿ ಒಳಗೆ ಬಂದಿದ್ದನೋ ನನಗೆ ತಿಳಿಯಲಿಲ್ಲ. ಪಾಲಿಶು ಒಣಗುವ ಮೊದಲೇ ನನ್ನನ್ನು ಲಾರಿಗೆ ಹಾಕಿದರು.

ಮೊದಲು ಸೇರಿದ್ದು ತಾಲ್ಲೂಕು ಕಚೇರಿಯ ವರಾಂಡ. ಹುಣಸೆ ಫಸಲಿನ ಹರಾಜು, ಕೆರೆ ಮೀನಿನ ಗುತ್ತಿಗೆ, ಮತದಾರರ ಪಟ್ಟಿ ಎಲ್ಲವೂ ನನ್ನೊಳಗೆ ಇದ್ದವು. ಜನ ತಮ್ಮ ಹೆಸರು ಹುಡುಕುತ್ತಾ ಗಾಜಿನ ಮೇಲೆ ಬೆರಳು ಆಡಿಸುತ್ತಿದ್ದರು. ಸಂಜೆಯ ಹೊತ್ತಿಗೆ ಗಾಜೆಲ್ಲ ಬೆರಳಿನ ಗುರುತು. ಕಚೇರಿಗೆ ಹೊಸ ಕಟ್ಟಡ ಬಂದಾಗ ಹೊಸ ಬೋರ್ಡೂ ಬಂತು. ನನ್ನನ್ನು ತಳ್ಳುಗಾಡಿಯ ಮೇಲೆ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಸಾಗಿಸಿದರು. ಅದೊಂದು ಬಾಡಿಗೆ ಮನೆ. ನಡುಮನೆಯಲ್ಲಿ ಗುಮಾಸ್ತರು, ಒಳಕೋಣೆಯಲ್ಲಿ ಸಾಹೇಬರು. ನನ್ನನ್ನು ಒಳಕೋಣೆಯ ಬಾಗಿಲಿನ ಎದುರು ಗೋಡೆಗೆ ನೇತುಹಾಕಿದರು. ಕೋಣೆಯ ಫ್ಯಾನು ಕೆಟ್ಟೇ ಇರುತ್ತಿದ್ದುದರಿಂದ ಬಾಗಿಲು ಯಾವಾಗಲೂ ತೆರೆದಿರುತ್ತಿತ್ತು. ಒಳಗೆ ನಡೆಯುವುದೆಲ್ಲ ನನಗೆ ಕಾಣುತ್ತಿತ್ತು.

ಅಲ್ಲಿ ನನಗೆ ಕೊಟ್ಟ ಕೆಲಸ ಮದುವೆಯ ನೋಟಿಸು. ಮನೆಯಲ್ಲಿ, ಛತ್ರದಲ್ಲಿ ಮದುವೆಯಾದವರು ಲಗ್ನಪತ್ರಿಕೆ, ಫೋಟೊ ತಂದು ನೋಂದಣಿ ಮಾಡಿಸಿಕೊಂಡು ಹೋಗುತ್ತಿದ್ದರು. ಅವರಿಗೆ ನನ್ನ ಹಂಗಿರಲಿಲ್ಲ. ಅಧಿಕಾರಿಯ ಮುಂದೆಯೇ ಮದುವೆಯಾಗುತ್ತೇವೆ ಎನ್ನುವವರಿಗೆ ಮಾತ್ರ ನಾನು ಬೇಕಾಗುತ್ತಿದ್ದೆ. ಇಂಥವನು ಇಂಥವಳನ್ನು ಮದುವೆಯಾಗಲಿದ್ದಾನೆ ಎಂಬ ನೋಟಿಸು ಮೂವತ್ತು ದಿನ ನನ್ನ ಮೇಲೆ ಇರಬೇಕು. ಅಷ್ಟರೊಳಗೆ ತಕರಾರು ಇದ್ದವರು ಬರೆದು ಕೊಡಬಹುದು. ತಕರಾರಿಲ್ಲದಿದ್ದರೆ ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟಿಸು ಅಂಟಿಸುವವನೂ ಜವಾನ ದುರಗಪ್ಪನೇ, ಕೀಳುವವನೂ ಅವನೇ.

ಒಂದು ಬೆಳಿಗ್ಗೆ ಅವನು ಅಂಟಿಸಿದ ನೋಟಿಸಿನಲ್ಲಿ ಎರಡು ಹೆಸರಿದ್ದವು. ವರ ದಾನಿಯೇಲ, ಮುದ್ರಣಾಲಯದ ಕೆಲಸಗಾರ. ವಧು ಕಸ್ತೂರಿ, ಹೊಲಿಗೆ ಕೆಲಸ. ಇಬ್ಬರೂ ಕಿವಿ ಕೇಳದವರು, ಮಾತು ಬಾರದವರು. ಜಿಲ್ಲಾ ಕೇಂದ್ರದ ಕಿವುಡ ಮಕ್ಕಳ ಶಾಲೆಯಲ್ಲಿ ಒಟ್ಟಿಗೆ ಓದಿದವರು. ಅವನದು ಕ್ರೈಸ್ತ ಮನೆತನ, ಅವಳದು ಲಿಂಗಾಯತರದು. ಆದ್ದರಿಂದಲೇ ಇಲ್ಲಿಗೆ ಬಂದಿದ್ದರು.

ನೋಟಿಸು ಅಂಟಿಸಿದ ದಿನ ಅವರಿಬ್ಬರೂ ನನ್ನ ಮುಂದೆ ಬಹಳ ಹೊತ್ತು ನಿಂತರು. ಊರಿನವರ ಲಗ್ನಪತ್ರಿಕೆಗಳನ್ನೆಲ್ಲ ಮುದ್ರಿಸುವ ದಾನಿಯೇಲನಿಗೆ ತನ್ನ ಮದುವೆಯ ಸುದ್ದಿ ಕಾರ್ಬನ್ ಪ್ರತಿಯಲ್ಲಿ ಬಂದದ್ದು ಸರಿಬರಲಿಲ್ಲ. 'ಕಸ್ತೂರಿ' ಎಂಬಲ್ಲಿ ನಡುವಿನ ಅಕ್ಷರ ಅರ್ಧ ಮೂಡಿತ್ತು. ಅವನು ಅದನ್ನು ತೋರಿಸಿ ಮುಖ ಕಿವುಚಿದ. ಕಸ್ತೂರಿ ಕೈಯಲ್ಲಿ ಏನೋ ಹೇಳಿದಳು. ಇಬ್ಬರೂ ನಕ್ಕರು. ಕೈಗಳಲ್ಲಿ ಅಷ್ಟು ವೇಗವಾಗಿ ಮಾತಾಡುವವರನ್ನು ನಾನು ಅದೇ ಮೊದಲು ನೋಡಿದ್ದು.

ಕೆಲವು ದಿನಗಳಾದ ಮೇಲೆ ಬಿಳಿ ಅಂಗಿ ತೊಟ್ಟ ದಪ್ಪನೆಯ ಮನುಷ್ಯನೊಬ್ಬ ಬಂದ. ಕಸ್ತೂರಿಯ ಅಣ್ಣ ಬಸಲಿಂಗಪ್ಪ. ಪೇಟೆಯಲ್ಲಿ ಅವನದು ಕಾಳುಕಡಿ ಅಂಗಡಿ. ಆಫೀಸಿನ ಹೊರಗೆ ಕೂತು ಜನರಿಗೆ ಪತ್ರ ಬರೆದುಕೊಡುವವರಲ್ಲಿ ಯಾರೋ ಅವನಿಗೆ ಸುದ್ದಿ ಮುಟ್ಟಿಸಿದ್ದರು. ನೋಟಿಸನ್ನು ಎರಡು ಸಲ ಓದಿದ.

"ನನ್ನ ತಂಗಿ ಹೆಸರು ಇದರಾಗ ಯಾಕ ಐತಿ?" ಎಂದು ದುರಗಪ್ಪನನ್ನು ಕೇಳಿದ.

"ಮದವಿ ನೋಟಿಸ್ ರೀ. ತಕರಾರ ಇದ್ರ ಒಳಗ ಮೇಡಂಗ ಹೇಳ್ರಿ."

ಆಗ ಸಬ್ ರಿಜಿಸ್ಟ್ರಾರ್ ಆಗಿದ್ದವರು ಪೂಜಾರ ಮೇಡಂ. ವರ್ಗವಾಗಿ ಬಂದು ಬಹಳ ದಿನ ಆಗಿರಲಿಲ್ಲ. ಬಸಲಿಂಗಪ್ಪ ಅವರ ಮುಂದೆ ಕೂತು ಬೆವರು ಒರೆಸಿಕೊಂಡ.

"ಅಕಿಗೆ ಕಿವಿ ಕೇಳೂದಿಲ್ರಿ, ಬಾಯಿ ಬರೂದಿಲ್ಲ. ಮದವಿ ಅಂದ್ರ ಏನು ಅಂತ ಅಕಿಗೆ ಏನ್ ತಿಳಿತೈತ್ರಿ? ಆ ಹುಡುಗ ತಲಿ ಕೆಡಿಸ್ಯಾನ."

"ನೋಡ್ರಿ, ಜಾತಿ ಬ್ಯಾರೆ, ಧರ್ಮ ಬ್ಯಾರೆ ಅಂದ್ರ ನಾನು ಆ ತಕರಾರು ತಗೊಳ್ಳಾಕ ಬರೂದಿಲ್ಲ" ಎಂದರು ಮೇಡಂ. "ವಯಸ್ಸು ಕಡಿಮಿ ಅದ, ಮೊದಲ ಮದವಿ ಆಗ್ಯದ, ಇಲ್ಲಾ ಒಪ್ಪಿಗಿ ಕೊಡೋವಷ್ಟು ಬುದ್ಧಿ ಸ್ವಾಧೀನದಾಗ ಇಲ್ಲ. ಇಂಥಾ ಕಾರಣ ಇದ್ರ ಬರಕೊಡ್ರಿ."

ಬಸಲಿಂಗಪ್ಪ ಜೇಬಿನಿಂದ ಪೆನ್ನು ತೆಗೆದ.

"ಹಂಗಾರ ಅದನ್ನೇ ಬರೀತೀನ್ರಿ. ಬುದ್ಧಿ ಸ್ವಾಧೀನದಾಗ ಇಲ್ಲ ಅಂತ."

ಬರೆದು ಕೊಟ್ಟು ಹೊರಗೆ ಬಂದವನು ನನ್ನ ಕೆಳಗಿನ ಬೆಂಚಿನ ಮೇಲೆ ಕುಸಿದು ಕೂತ. ಗೆದ್ದ ಮುಖವೇನೂ ಅದಾಗಿರಲಿಲ್ಲ. "ಅಪ್ಪ ಸತ್ತಾಗ ಅಕಿ ಇಷ್ಟ ಇದ್ಲು" ಎಂದು ದುರಗಪ್ಪನಿಗೆ ಮೊಳಕಾಲಿನ ಎತ್ತರ ತೋರಿಸಿದ. "ನಾನು ಜ್ವಾಪಾನ ಮಾಡೀನಿ. ಹೊರಗ ಅಕಿನ್ನ ಯಾರ ನೋಡ್ಕೊಂತಾರ?" ದುರಗಪ್ಪ ನೀರು ತಂದುಕೊಟ್ಟ.

ವಿಚಾರಣೆಯ ದಿನ ಬಂತು. ದಾನಿಯೇಲ, ಕಸ್ತೂರಿ, ಅವರ ಶಾಲೆಯ ಹಿರೇಮಠ ಮಾಸ್ತರು ಒಂದು ಕಡೆ ಕೂತರು. ಬಸಲಿಂಗಪ್ಪ ಇನ್ನೊಂದು ಕಡೆ. ಮೇಡಂ ಕೇಳಿದ್ದನ್ನು ಮಾಸ್ತರು ಕೈಯಲ್ಲಿ ಕಸ್ತೂರಿಗೆ ಹೇಳುವುದು, ಅವಳು ಹೇಳಿದ್ದನ್ನು ಬಾಯಲ್ಲಿ ಮೇಡಂಗೆ ತಿಳಿಸುವುದು ಎಂದು ಗೊತ್ತಾಗಿತ್ತು.

"ಇಲ್ಲಿಗೆ ಯಾಕ ಬಂದೀರಿ ಅಂತ ಕೇಳ್ರಿ."

ಕಸ್ತೂರಿಯ ಕೈಗಳು ಆಡಿದವು. "ಮದುವೆಯಾಗಲಿಕ್ಕೆ. ಯಾರೂ ಒತ್ತಾಯ ಮಾಡಿಲ್ಲ. ಮೊದಲು ಕೇಳಿದವಳು ನಾನೇ, ಅವನು ಆಮೇಲೆ ಒಪ್ಪಿದ" ಎಂದರು ಮಾಸ್ತರು. ದಾನಿಯೇಲ ನಾಚಿ ತಲೆ ತಗ್ಗಿಸಿದ.

ಬಸಲಿಂಗಪ್ಪ ಎದ್ದು ನಿಂತ. "ಮೇಡಂ, ಇವ್ರು ತಮ್ಮ ಮಾತು ಹೇಳಾಕತ್ಯಾರ್ರಿ. ಅಕಿ ಏನ್ ಅಂದ್ಲು ಅಂತ ನಮಗ ಹೆಂಗ ಗೊತ್ತಾಗಬೇಕು?"

ಮೇಡಂ ಸಿಟ್ಟಾಗಲಿಲ್ಲ. "ನೀವು ಹೇಳೂದೂ ಖರೆ ಅದ. ಮಾಸ್ತರು ಬ್ಯಾಡ. ನೀವೇ ಕೇಳ್ರಿ. ನಿಮ್ಮ ತಂಗಿ ಅಲ್ಲ?"

ಮಾಸ್ತರು ಎದ್ದು ಹೊರಗೆ ಬಂದು ನನ್ನ ಕೆಳಗೆ ನಿಂತರು. ಬಸಲಿಂಗಪ್ಪ ತಂಗಿಯ ಎದುರಿಗೆ ಹೋದ. ಕೈ ಎತ್ತಿದ. ಬೆರಳುಗಳನ್ನು ಕೂಡಿಸಿ ಬಾಯಿಯ ಹತ್ತಿರ ಒಯ್ದ. ಅದು ಉಣ್ಣು ಎಂಬುದು. ಆಮೇಲೆ ಕರೆಯುವಂತೆ ಕೈ ಆಡಿಸಿದ. ಅದು ಬಾ ಎಂಬುದು. ಅಂಗೈ ಮೇಲೆ ಕೆನ್ನೆ ಇಟ್ಟ. ಮಲಗು ಎಂಬುದು. ಅಷ್ಟಕ್ಕೆ ಅವನ ಕೈ ನಿಂತುಹೋಯಿತು. ಇಷ್ಟು ವರ್ಷ ಅವರ ಮನೆಯಲ್ಲಿ ಅದಕ್ಕಿಂತ ಹೆಚ್ಚಿನ ಮಾತು ಬೇಕಾಗಿರಲಿಲ್ಲ. ಮದುವೆ ಎಂಬುದನ್ನು ಕೇಳಬೇಕಾದರೆ ಕೈ ಹೇಗಿಡಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ನಿಂತ. ಕಸ್ತೂರಿ ಅವನ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ಬಾಗಿಲ ಕಡೆ ತಿರುಗಿ ಮಾಸ್ತರನ್ನು ಕರೆದಳು.

ಮೇಡಂ ಬಸಲಿಂಗಪ್ಪನ ಮುಖ ನೋಡಿದರು. ಅವನು ಬೇಡ ಎನ್ನಲಿಲ್ಲ.

ಕಸ್ತೂರಿ ಅಣ್ಣನ ಕಡೆಗೇ ಮುಖ ಮಾಡಿ ಹೇಳತೊಡಗಿದಳು. ಮಾಸ್ತರು ತಡೆತಡೆದು ಹೇಳುತ್ತಾ ಹೋದರು.

"ನನಗೆ ಜ್ವರ ಬಂದಾಗ ಅಣ್ಣ ಹೆಗಲ ಮೇಲೆ ಹೊತ್ತುಕೊಂಡು ದವಾಖಾನೆಗೆ ಹೋಗಿದ್ದ. ನಾನು ಉಂಡ ಮೇಲೆಯೇ ತಾನು ಉಣ್ಣುತ್ತಿದ್ದ. ಅದನ್ನು ಮರೆತಿಲ್ಲ. ಆದರೆ ನಮ್ಮ ಮನೆಯಲ್ಲಿ ರಾತ್ರಿ ಎಲ್ಲರೂ ಕೂತು ಉಣ್ಣುವಾಗ ನಗುತ್ತಾರೆ. ಯಾಕೆ ನಗುತ್ತೀರಿ ಎಂದು ಕೇಳುತ್ತೇನೆ. ಅಣ್ಣ ಹೀಗೆ ಕೈ ಮಾಡುತ್ತಾನೆ, ಆಮೇಲೆ ಹೇಳುತ್ತೇನೆ ಎಂದು. ಅತ್ತಿಗೆಯೂ ಹಾಗೇ. ಯಾವತ್ತೂ ಯಾರೂ ಹೇಳಲಿಲ್ಲ. ನಾನೂ ಅವರ ಮುಖ ನೋಡಿ ಸುಮ್ಮನೆ ನಗುತ್ತೇನೆ. ದಾನಿಯೇಲನ ಜೊತೆ ಇದ್ದಾಗ ನನಗೆ ನಗು ಬಂದಾಗ ನಗುತ್ತೇನೆ. ಬುದ್ಧಿ ಇಲ್ಲ ಎಂದು ಅಣ್ಣ ಬರೆದಿದ್ದಾನಂತೆ. ಅವನು ನನ್ನನ್ನು ಏನೂ ಕೇಳಿಯೇ ಇಲ್ಲ."

ಬಸಲಿಂಗಪ್ಪ ಕುರ್ಚಿಯಲ್ಲಿ ಕೂತುಬಿಟ್ಟ.

"ಇಷ್ಟ ಮಾತು ಅಕಿ ಹತ್ರ ಇದ್ದುವು ಅಂತ ನನಗ ಗೊತ್ತಿರಲಿಲ್ರಿ" ಎಂದ.

"ತಕರಾರು ವಾಪಸ್ ತಗೋತೀರೇನು?"

"ತಗೊಳ್ಳೂದಿಲ್ರಿ. ನನ್ನ ಕೈಲೆ ಆಗೂದಿಲ್ಲ. ನಿಮ್ಮ ಕಾಯ್ದೆ ಏನ್ ಹೇಳತೈತಿ ಮಾಡ್ರಿ."

ಅವನು ಹೊರಗೆ ಬಂದು ನನ್ನ ಮುಂದೆ ಕ್ಷಣ ನಿಂತ. ನೋಟಿಸಿನ ಕಡೆ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದ. ಮೇಡಂ ತಕರಾರನ್ನು ತಳ್ಳಿಹಾಕಿ ಆದೇಶ ಬರೆದರು.

ಮದುವೆಯ ದಿನ ಬಸಲಿಂಗಪ್ಪ ಬರಲಿಲ್ಲ. ಕಸ್ತೂರಿ ಗಳಿಗೆಗೊಮ್ಮೆ ಬಾಗಿಲ ಕಡೆ ನೋಡುತ್ತಿದ್ದಳು. ಮಾಸ್ತರು, ಮುದ್ರಣಾಲಯದ ಮಾಲೀಕರು, ಅವಳ ಜೊತೆ ಹೊಲಿಯುವ ಒಬ್ಬ ಹೆಂಗಸು ಸಾಕ್ಷಿಗೆ ನಿಂತರು. ದುರಗಪ್ಪನಿಗೆ ಅನುಮಾನ ಬಂತು.

"ಮೇಡಂ, 'ನಾನು ನಿನ್ನನ್ನು ಹೆಂಡತಿ ಅಂತ ಸ್ವೀಕಾರ ಮಾಡೀನಿ' ಅಂತ ಬಾಯಲೆ ಹೇಳಬೇಕಲ್ರಿ?"

ಮೇಡಂ ಕಾಯ್ದೆ ಪುಸ್ತಕ ತೆರೆದರು. ಬೆರಳಿಟ್ಟು ಓದಿದರು. "ಬಾಯಿ ಅಂತ ಎಲ್ಲೂ ಇಲ್ಲ. ಇಬ್ಬರಿಗೂ ತಿಳಿಯೋ ಭಾಷಾದಾಗ ಅಂತ ಅದ. ಇವರಿಗೆ ತಿಳಿಯೋ ಭಾಷಾ ಇದೇ."

ದಾನಿಯೇಲ ಎದೆ ಮುಟ್ಟಿಕೊಂಡ. ಆಮೇಲೆ ಎಡ ಅಂಗೈಯ ಮೇಲೆ ಎರಡು ಬೆರಳುಗಳನ್ನು ಸೂಜಿಯಂತೆ ಓಡಿಸಿದ. ಅವರ ಭಾಷೆಯಲ್ಲಿ ಕಸ್ತೂರಿಯ ಹೆಸರು ಅದು. ಮುಂದಿನದನ್ನೂ ಹೇಳಿ ಮುಗಿಸಿದ. ಕಸ್ತೂರಿ ಎದೆ ಮುಟ್ಟಿಕೊಂಡು, ಒಂದು ಅಂಗೈಯನ್ನು ಇನ್ನೊಂದರ ಮೇಲೆ ಅಚ್ಚೊತ್ತುವಂತೆ ಒತ್ತಿದಳು. ಅದು ಅವನ ಹೆಸರು. ಅವಳೂ ಹೇಳಿ ಮುಗಿಸಿದಳು. ಅಷ್ಟರಲ್ಲಿ ಮೇಡಂ ಮೇಜಿನ ಕೆಳಗಿನಿಂದ ತಲೆ ಎತ್ತಿದರು.

"ಮಾಸ್ತರ, ಇನ್ನೊಮ್ಮೆ ಹೇಳಾಕ ಹಚ್ರಿ. ಪೆನ್ನು ಬಿದ್ದಿತ್ತು, ಹುಡುಕಾಕತ್ತಿದ್ದೆ. ನಾನು ನೋಡಲಿಲ್ಲಂದ್ರ ಕೇಳಿದಂಗ ಆಗಲಿಲ್ಲಲ್ಲ."

ಮಾಸ್ತರು ತಿಳಿಸಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಎರಡನೆಯ ಸಲ ನಗುತ್ತಲೇ ಹೇಳಿದರು. ಹೀಗೆ ಅವರ ಮದುವೆ ಒಂದೇ ದಿನ ಎರಡು ಸಲ ಆಯಿತು. ಸಂಜೆ ದುರಗಪ್ಪ ನೋಟಿಸನ್ನು ಹರಿಯದಂತೆ ಕಿತ್ತು ಕಡತಕ್ಕೆ ಸೇರಿಸಿದ.

ವರ್ಷಗಳು ಉರುಳಿದವು. ಪೂಜಾರ ಮೇಡಂ ಬೇರೆ ಊರಿಗೆ ಹೋದರು. ನನ್ನ ಒಂದು ಗಾಜು ಬಿರುಕು ಬಿಟ್ಟಿತು. ದುರಗಪ್ಪ ಅದಕ್ಕೆ ಅಂಟುಪಟ್ಟಿ ಹಚ್ಚಿದ. ಒಂದು ದಿನ ಕಸ್ತೂರಿ, ದಾನಿಯೇಲ ಮತ್ತೆ ಬಂದರು. ರೇಷನ್ ಕಾರ್ಡಿಗೆ ಮದುವೆಯ ಪ್ರಮಾಣಪತ್ರ ಬೇಕಾಗಿತ್ತು, ಮನೆಯಲ್ಲಿದ್ದುದಕ್ಕೆ ಗೆದ್ದಲು ಹತ್ತಿತ್ತು. ನಕಲು ಪ್ರತಿಗೆ ಅರ್ಜಿ ಕೊಡಬೇಕು. ಜೊತೆಗೆ ಬಸಲಿಂಗಪ್ಪ ಇದ್ದ. ತಲೆ ನರೆತಿತ್ತು.

ಹೊಸ ಗುಮಾಸ್ತ ಕೇಳಿದ, "ಮದವಿ ಯಾವ ಇಸವಿ?"

ಬಸಲಿಂಗಪ್ಪ ತಂಗಿಯ ಕಡೆ ತಿರುಗಿ ಕೈಯಲ್ಲಿ ಕೇಳಿದ. ಬೆರಳುಗಳು ದಪ್ಪ, ನಿಧಾನ. ಅವಳು ಉತ್ತರ ಕೊಟ್ಟಳು. ಅವನಿಗೆ ತಿಳಿಯಲಿಲ್ಲ. ಅವಳು ಅವನ ಹೆಬ್ಬೆರಳನ್ನು ಹಿಡಿದು ಮಡಿಸಿ, ಹೀಗೆ ಎಂದು ತೋರಿಸಿದಳು. ಅವನು ಇಸವಿ ಹೇಳಿದ.

"ನೀವು ಯಾರ್ರಿ, ಸಾಕ್ಷಿದಾರರ?"

"ಅಕಿ ಅಣ್ಣ. ಆವಾಗ ಇಲ್ಲೇ ತಕರಾರ ಕೊಟ್ಟಿದ್ದೆ."

ಗುಮಾಸ್ತನಿಗೆ ನಗು ಬಂತು. "ಹಂಗಾರ ಸಾಕ್ಷಿಗಿಂತ ಗಟ್ಟಿ ಆತು ಬಿಡ್ರಿ. ತಕರಾರ ಕೊಟ್ಟಾವರೇ ಮದವಿ ಆತು ಅನ್ನಾಕತ್ಯಾರ" ಎಂದ. ಸುತ್ತಲಿದ್ದವರೆಲ್ಲ ನಕ್ಕರು. ಕಸ್ತೂರಿ ಅಣ್ಣನ ಮುಖ ನೋಡಿದಳು. ಅವನು ಕೌಂಟರಿನಿಂದ ಹಿಂದೆ ಸರಿದು, ಹಿಂದೆ ನಿಂತವರಿಗೆ ಕಾಯಲು ಹೇಳಿ, ಆ ಮಾತನ್ನು ಅವಳಿಗೆ ಹೇಳಲು ಹೊರಟ. ಅರ್ಧಕ್ಕೆ ತಪ್ಪಿದ. ಮತ್ತೆ ಮೊದಲಿನಿಂದ ಹೇಳಿದ. ಆಫೀಸಿನವರ ನಗು ಮುಗಿದು ಬಹಳ ಹೊತ್ತಾದ ಮೇಲೆ ಕಸ್ತೂರಿ ನಕ್ಕಳು.

ಈಗ ಆಫೀಸು ಹೊಸ ಕಟ್ಟಡದಲ್ಲಿದೆ. ಅಲ್ಲಿ ಉಕ್ಕಿನ ಬೋರ್ಡು ಇದೆ, ಕಂಪ್ಯೂಟರ್ ಇದೆ. ಸಾಮಾನು ಸಾಗಿಸುವಾಗ ನನ್ನ ಎರಡೂ ಗಾಜು ಒಡೆದವು. ನನ್ನನ್ನು ಅಲ್ಲಿನ ಹಳೇ ಕಡತಗಳ ಕೋಣೆಯಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದಾರೆ. ಹರಾಜಿಗೆ ಹಾಕುತ್ತಾರೆಂದು ಕೇಳಿದ್ದೇನೆ. ಹಸಿರು ಬಟ್ಟೆ ಬಿಳುಪೇರಿದೆ, ಚೌಕಟ್ಟು ಇನ್ನೂ ಗಟ್ಟಿಯಿದೆ.

ನನ್ನ ಮೇಲೆ ಎಷ್ಟೋ ಜೋಡಿಗಳ ಹೆಸರು ಬಂದು ಹೋದವು. ನೋಟಿಸು ಕೊಟ್ಟು ಮದುವೆಯ ದಿನ ಬರದೆ ಹೋದವರಿದ್ದಾರೆ. ಬಂದು ಮದುವೆಯಾಗಿ ಆಮೇಲೆ ಹೇಗಿದ್ದಾರೆಂದು ತಿಳಿಯದವರೇ ಹೆಚ್ಚು. ನನ್ನ ಮುಂದೆ ನಿಂತವರಲ್ಲಿ ಬಹಳ ಜನ ತಡೆಯಲು ಕಾರಣ ಹುಡುಕಿಕೊಂಡು ಬಂದವರು. ಅವರಲ್ಲಿ ಕೆಲವರು ಕೆಟ್ಟವರಾಗಿದ್ದರು, ಕೆಲವರು ಬರೀ ಹೆದರಿದವರು. ಗಾಜಿನ ಹಿಂದಿನಿಂದ ನೋಡುವಾಗ ಎರಡೂ ಮುಖ ಒಂದೇ ಥರ ಕಾಣುತ್ತಿದ್ದವು. ಯಾವುದು ಯಾವುದೆಂದು ತಿಳಿಯಲು ಯಾರಾದರೂ ಅವರನ್ನು ಒಳಗೆ ಕರೆದು ಕೂರಿಸಿ ಕೇಳಬೇಕಾಗಿತ್ತು.