ಬೀಗಿತ್ತಿಯರ ಬೆಂಚು

ಜಾಕೆಟ್ಟಿನ ಜಿಪ್ಪನ್ನು ಫ್ರೋಸೋ ಮಗುವಿನ ಗದ್ದದವರೆಗೂ ಎಳೆದಳು. ತಾಸಿಯಾ ಅದನ್ನು ಹೊಟ್ಟೆಯವರೆಗೆ ಇಳಿಸಿದಳು. ನಡುವೆ ಸಿಕ್ಕಿಕೊಂಡಿದ್ದ ಎರಡೂವರೆ ವರ್ಷದ ಆರ್ಗಿರಿಸ್ ಒಬ್ಬ ಅಜ್ಜಿಯ ಮುಖ ನೋಡಿದ, ಇನ್ನೊಬ್ಬಳ ಮುಖ ನೋಡಿದ, ಕೊನೆಗೆ ಬಾಯಿ ಅಗಲಿಸಿ ಅಳತೊಡಗಿದ.

"ಸಮುದ್ರದ ಕಡೆಯಿಂದ ಗಾಳಿ ಬೀಸ್ತಿದೆ, ಗೊತ್ತಾಗಲ್ವಾ ನಿಮಗೆ? ಎದೆಗೆ ಶೀತ ಇಳಿದ್ರೆ ಯಾರು ನೋಡ್ಬೇಕು?" ಎಂದಳು ಫ್ರೋಸೋ.

"ಬೆವರಿ ತೊಪ್ಪೆಯಾಗಿದಾನೆ ಮಗು. ಇದೇನು ಆಲಿವ್ ಭರಣೀನಾ ಬೀಗಿತ್ತಿ, ಹೀಗೆ ಬಿಗಿದು ಬಾಯಿ ಕಟ್ಟೋಕೆ?"

"ನಮ್ಮ ಮನೆ ಕೂಸು ಇದು. ನನ್ನ ಗಂಡನ ಹೆಸರು ಇಟ್ಕೊಂಡಿರೋದು."

"ಹೆಸರು ನಿಮ್ಮ ಮನೇದು ಇರ್ಲಿ. ಮೂಗು ನಮ್ಮ ಮನೇದು. ನೋಡಿದೋರೆಲ್ಲ ಅದನ್ನೇ ಹೇಳ್ತಾರೆ."

ಬಾಗಿಲಲ್ಲಿ ಕ್ಲಿಯೋ ಬಂದು ನಿಂತದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ತಾಸಿಯಾಗೆ ಮಗಳು, ಫ್ರೋಸೋಗೆ ಸೊಸೆ. ಬಂದರು ರಸ್ತೆಯ ಔಷಧದ ಅಂಗಡಿಯಲ್ಲಿ ಅವಳಿಗೆ ಕೆಲಸ. ಬಿಳಿ ಕೋಟನ್ನು ಇನ್ನೂ ಬಿಚ್ಚಿರಲಿಲ್ಲ. ಒಳಗೆ ಬಂದು ಮಗುವನ್ನು ಎತ್ತಿಕೊಂಡಳು, ಜಾಕೆಟ್ಟನ್ನೇ ಕಳಚಿ ಕುರ್ಚಿಯ ಮೇಲೆ ಎಸೆದಳು.

"ಹೋದ ವಾರ ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರು ಉಣ್ಣಿಸಿ ಇವನು ರಾತ್ರಿಯೆಲ್ಲ ವಾಂತಿ ಮಾಡ್ಕೊಂಡ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಇನ್ನು ನನ್ನಿಂದ ಆಗಲ್ಲ. ಸೋಮವಾರದಿಂದ ಒಬ್ಬ ಹುಡುಗಿ ಬರ್ತಾಳೆ, ಇವನನ್ನ ನೋಡ್ಕೊಳ್ಳೋಕೆ."

ಫ್ರೋಸೋಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನಂಬಲಾಗಲಿಲ್ಲ. "ಸಂಬಳ ಕೊಟ್ಟು ಆಯಾ ಇಡ್ತೀಯಾ? ಇಬ್ಬರು ಅಜ್ಜಿಯರು ಗುಂಡುಕಲ್ಲಿನ ಹಾಗೆ ಕೂತಿರುವಾಗ? ಊರು ಏನನ್ನುತ್ತೆ ಕ್ಲಿಯೋ?"

"ಊರು ಬಂದು ಇವನಿಗೆ ಜಾಕೆಟ್ ಹಾಕುತ್ತಾ ಅತ್ತೆ?"

ಮಗ ಲಾಂಬ್ರೋಸ್ ಆದರೂ ತನ್ನ ಪರ ಮಾತಾಡಬಹುದೆಂದು ಫ್ರೋಸೋ ಅಂದು ಸಂಜೆ ಫೋನಿನ ಪಕ್ಕದಲ್ಲೇ ಕುಳಿತಿದ್ದಳು. ಅವನು ಫೋನ್ ಮಾಡಿದ, ಹವಾಮಾನ ವಿಚಾರಿಸಿದ, ಮಂಡಿನೋವು ವಿಚಾರಿಸಿದ, "ಸ್ವಲ್ಪ ದಿನ ನೋಡೋಣಮ್ಮ" ಅಂದು ಇಟ್ಟುಬಿಟ್ಟ.

ಸೋಮವಾರ ಅವಳು ಎಂದಿನಂತೆ ಎದ್ದಳು. ಎಂದಿನಂತೆ ಮೊಮ್ಮಗನಿಗೆ ಇಷ್ಟವಾದ ಹುಳಿಹಾಲಿನ ನುಚ್ಚಿನ ಗಂಜಿಯನ್ನು ಒಲೆಯ ಮೇಲಿಟ್ಟಳು. ಅದು ಕುದಿದು ಗಟ್ಟಿಯಾದ ಮೇಲೆ ನೆನಪಾಯಿತು, ಉಣ್ಣುವವರಿಲ್ಲ. ಗಂಡ ಹೋದ ಮೇಲೆ ಆ ಮನೆಯಲ್ಲಿ ಜೋರಾಗಿ ಮಾತಾಡುವವರೇ ಇರಲಿಲ್ಲ. ಮೊಮ್ಮಗ ಬರತೊಡಗಿದ ಮೇಲೆ ಮತ್ತೆ "ಆರ್ಗಿರಿಸ್, ಕೈ ತೊಳ್ಕೋ! ಆರ್ಗಿರಿಸ್, ಊಟಕ್ಕೆ ಬಾ!" ಎಂದು ಒಂದು ಕೋಣೆಯಿಂದ ಇನ್ನೊಂದಕ್ಕೆ ಕೇಳುವಂತೆ ಕೂಗುವುದು ಸಾಧ್ಯವಾಗಿತ್ತು. ಆ ಹೆಸರು ಗೋಡೆಗೆ ತಾಗಿ ಹಿಂದಕ್ಕೆ ಬರುವುದನ್ನು ಕೇಳಿದರೇ ಅವಳಿಗೆ ಹಸಿವಾಗುತ್ತಿತ್ತು.

ಮಂಗಳವಾರ ಮೀನಿನ ಚೀಲ ಹಿಡಿದು ಹೊರಟಳು. ಮೀನು ತರಲು ಎಂದು ಪಕ್ಕದ ಮನೆಯವಳಿಗೆ ಹೇಳಿದಳು. ಮೀನು ಮಾರುಕಟ್ಟೆ ಒಂದು ದಿಕ್ಕಿಗಿತ್ತು, ಕಾಲು ಇನ್ನೊಂದು ದಿಕ್ಕಿಗೆ ಹೋಯಿತು. ಕಡಲ ಬದಿಯ ಉದ್ಯಾನಕ್ಕೆ ವೋಲೋಸ್ ಊರಿನ ಮಕ್ಕಳೆಲ್ಲ ಬೆಳಗಿನ ಬಿಸಿಲಿಗೆ ಬರುತ್ತಾರೆ. ಆಟದ ಜಾಗದಿಂದ ಕಾಣದ ಹಾಗೆ ಒಂದು ದಪ್ಪ ಪೈನ್ ಮರದ ಹಿಂದೆ ಬೆಂಚೊಂದಿತ್ತು. ಅಲ್ಲಿ ಆಗಲೇ ಯಾರೋ ತಲೆಗೆ ಸ್ಕಾರ್ಫ್ ಕಟ್ಟಿ, ಕಪ್ಪು ಕನ್ನಡಕ ಹಾಕಿ, ಮುಖಕ್ಕೆ ಪತ್ರಿಕೆ ಹಿಡಿದು ಕುಳಿತಿದ್ದರು. ಪತ್ರಿಕೆ ತಲೆಕೆಳಗಾಗಿತ್ತು.

"ಬೀಗಿತ್ತಿ," ಎಂದಳು ಫ್ರೋಸೋ, "ಇಲ್ಲೇನು ಮಾಡ್ತಿದೀರಿ?"

ತಾಸಿಯಾ ಕನ್ನಡಕ ತೆಗೆಯಲಿಲ್ಲ. "ಗಾಳಿಗೆ ಬಂದೆ."

"ನಿಮ್ಮ ಬೀದೀಲಿ ಗಾಳಿ ಮುಗಿದೋಯ್ತಾ?"

"ನಿಮ್ಮ ಮೀನಿನ ಚೀಲದಲ್ಲಿರಬೇಕಾದ ಮೀನು ಎಲ್ಲಿ ಹಾರಿಹೋಯ್ತೋ, ನಮ್ಮ ಗಾಳೀನೂ ಅಲ್ಲಿಗೇ ಹೋಯ್ತು. ಕೂತ್ಕೊಳ್ಳಿ. ನಿಂತ್ರೆ ಕಾಣ್ತೀರಿ."

ಫ್ರೋಸೋ ಕುಳಿತಳು. ಮರದ ಬದಿಯಿಂದ ಇಣುಕಿದರೆ ಜಾರುಬಂಡೆ, ಮರಳಿನ ಗುಂಡಿ, ಅದರಲ್ಲಿ ಕುಕ್ಕರುಗಾಲಲ್ಲಿ ಕುಳಿತ ಮೊಮ್ಮಗ, ಪಕ್ಕದಲ್ಲಿ ದೊಡ್ಡ ಬೂಟು ಹಾಕಿಕೊಂಡ ಹುಡುಗಿ. ಹೆಸರು ಮಿರ್ತೋ ಎಂದು ತಾಸಿಯಾ ಪಿಸುಗುಟ್ಟಿದಳು. ಕಾಲೇಜಿನಲ್ಲಿ ಮಕ್ಕಳಿಗೆ ಕಲಿಸುವುದನ್ನು ಓದಿದ್ದಾಳಂತೆ. ಬಾಯಲ್ಲಿ ಯಾವಾಗಲೂ ಚೂಯಿಂಗ್ ಗಮ್ ಇರುತ್ತದಂತೆ.

"ತಲೆಗೆ ಟೋಪಿ ಹಾಕಿಲ್ಲ," ಎಂದಳು ಫ್ರೋಸೋ.

"ಮರಳು ತಿಂತಿದಾನೆ, ಇವಳು ನಗ್ತಿದಾಳೆ."

"ಮೂಗು ಸುರೀತಿದೆ."

"ಹೂಂ, ಸುರೀತಿದೆ. ಅವನ ಮೂಗು ಒರೆಸೋಕೂ ಒಂದು ಡಿಗ್ರಿ ಬೇಕೇನೋ."

ಮದುವೆಯ ಮಾತುಕತೆಯ ದಿನದಿಂದ ಇಲ್ಲಿಯವರೆಗೆ ಆ ಇಬ್ಬರು ಹೆಂಗಸರು ಯಾವ ವಿಷಯದಲ್ಲೂ ಒಪ್ಪಿದ್ದಿಲ್ಲ. ಈಗ ಒಬ್ಬಳು ಅಂದದ್ದಕ್ಕೆ ಇನ್ನೊಬ್ಬಳು ಹೂಂಗುಟ್ಟುತ್ತಿದ್ದಳು. ಮರುದಿನವೂ ಬಂದರು, ಅದರ ಮರುದಿನವೂ. ತಾಸಿಯಾ ಫ್ಲಾಸ್ಕಿನಲ್ಲಿ ಕಾಫಿ ತಂದಳು. ಫ್ರೋಸೋ ಎಳ್ಳು ಮೆತ್ತಿದ ಬಳೆಯಂಥ ಬನ್ನು ತಂದು ಎರಡು ಪಾಲು ಮಾಡಿದಳು. ಕಾಫಿಗೆ ಸಕ್ಕರೆ ಜಾಸ್ತಿಯಾಗಿದೆ ಎಂದು ಒಬ್ಬಳು, ಬನ್ನು ನಿನ್ನೆಯದು ಎಂದು ಇನ್ನೊಬ್ಬಳು. ಆದರೂ ಎರಡೂ ಖಾಲಿಯಾಗುತ್ತಿದ್ದವು.

ಒಂದು ಬೆಳಿಗ್ಗೆ ಆರ್ಗಿರಿಸ್ ಜಾರುಬಂಡೆಯ ಮೆಟ್ಟಿಲಿನಿಂದ ಕಾಲು ತಪ್ಪಿ ಮುಗ್ಗರಿಸಿ ಬಿದ್ದ. ಎತ್ತರವೇನಲ್ಲ, ಆದರೆ ಅಂಗೈ ಊರಿ ದಪ್ಪೆಂದು ಬಿದ್ದ ಸದ್ದು ಬೆಂಚಿನವರೆಗೂ ಕೇಳಿತು. ತಾಸಿಯಾ ಚಂಗನೆ ಎದ್ದಳು. ಫ್ರೋಸೋ ಅವಳ ತೋಳನ್ನು ಗಬಕ್ಕನೆ ಹಿಡಿದಳು. ಯಾಕೆ ಹಿಡಿದೆನೆಂದು ಅವಳಿಗೇ ಗೊತ್ತಿರಲಿಲ್ಲ. ಅವಳೂ ಅರ್ಧ ಎದ್ದಾಗಿತ್ತು.

ಮಿರ್ತೋ ಓಡಿಬರಲಿಲ್ಲ. ನಾಲ್ಕು ಹೆಜ್ಜೆ ನಡೆದು ಬಂದು ಅವನ ಎದುರಿಗೆ ಕುಕ್ಕರಿಸಿದಳು, ಎತ್ತಿಕೊಳ್ಳದೆ ಕಾದಳು. ಮಗು ತುಟಿ ಅದುರಿಸಿತು, ಸುತ್ತ ನೋಡಿತು, ಆಮೇಲೆ ಕೆಂಪಾದ ಅಂಗೈಯನ್ನು ಅವಳತ್ತ ಚಾಚಿತು. ಅವಳು ಉಫ್ ಎಂದು ಊದಿದಳು. ಮಗುವೂ ಊದಿತು, ಎಂಜಲು ಅವಳ ಮುಖಕ್ಕೆಲ್ಲ ಹಾರಿತು, ಇಬ್ಬರೂ ನಕ್ಕರು. ಮಗು ಮತ್ತೆ ಮೆಟ್ಟಿಲ ಕಡೆ ಹೋಯಿತು.

ಸಮಾಧಾನವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಅಡಿಯಲ್ಲೇ ಇನ್ನೊಂದು ಸಂಕಟವಿತ್ತು ಫ್ರೋಸೋಗೆ: ಬಿದ್ದಾಗ ಅವನು ಅಜ್ಜಿ ಎಂದು ಕೂಗಲಿಲ್ಲ.

ತಾಸಿಯಾ ಕಪ್ಪು ಕನ್ನಡಕದ ಕೆಳಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ನಮ್ಮ ಕ್ಲಿಯೋ ಚಿಕ್ಕವಳಿದ್ದಾಗ ಬಿದ್ರೆ ಅಜ್ಜೀ ಅಂತ ಕೂಗ್ತಿದ್ಲು," ಎಂದಳು. "ನಾನು ಎದುರಿಗೇ ಇದ್ರೂ ಅಷ್ಟೇ. ಮೀನಿನ ಡಬ್ಬಿ ಕಾರ್ಖಾನೇಲಿ ಕೆಲಸ ನನಗೆ. ಅವಳು ಏಳೋಕೆ ಮುಂಚೆ ಹೋಗ್ತಿದ್ದೆ. ಮೊದಲ ಹೆಜ್ಜೆ ಇಟ್ಟಿದ್ದು, ಮೊದಲ ಹಲ್ಲು ಬಂದಿದ್ದು, ಎಲ್ಲಾ ನಮ್ಮತ್ತೆ ಬಾಯಲ್ಲಿ ಕೇಳಿದ್ದು. ಒಳ್ಳೆ ಹೆಂಗಸು, ತಪ್ಪು ಹೇಳಲ್ಲ. ಆದ್ರೆ ಮಗಳನ್ನ ಬೆಳೆಸಿದ್ದು ನಾನಲ್ಲ ಬೀಗಿತ್ತಿ. ಇವನನ್ನಾದ್ರೂ ಒಂದಿಷ್ಟು ಬೆಳೆಸೋಣ ಅಂತ ಇತ್ತು."

ಫ್ರೋಸೋ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಅವಳ ಕೈಗೆ ಕೊಟ್ಟಳು.

ವಾರ ಕಳೆದ ಮೇಲೆ ಒಂದು ದಿನ ಮಿರ್ತೋ ಮಗುವಿನ ಕೈ ಹಿಡಿದು ನೆಟ್ಟಗೆ ಪೈನ್ ಮರದತ್ತಲೇ ಬಂದಳು. ಓಡಿಹೋಗಲು ಇಬ್ಬರಿಗೂ ವಯಸ್ಸು ಬಿಡಲಿಲ್ಲ. ತಾಸಿಯಾ ಪತ್ರಿಕೆ ಎತ್ತಿದಳು.

"ಅದು ಬೇಡ ಅಜ್ಜಿ, ಮೊದಲ ದಿನವೇ ನೋಡಿದೀನಿ," ಎಂದಳು ಹುಡುಗಿ. ಅವಳ ಒಂದು ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು. ಮಗು "ಅಜ್ಜೀ!" ಎಂದು ಕಿರುಚಿ ಇಬ್ಬರ ಮೊಣಕಾಲಿಗೂ ಒಟ್ಟಿಗೆ ಜೋತುಬಿತ್ತು. "ಹಲ್ಲುನೋವು, ತಡೆಯೋಕೆ ಆಗ್ತಿಲ್ಲ. ಡಾಕ್ಟರ್ ಈಗಲೇ ಬಾ ಅಂದ್ರು. ಕ್ಲಿಯೋಗೆ ಫೋನ್ ಮಾಡಿದೆ, ಅಂಗಡೀಲಿ ಒಬ್ಬರೇ ಇದಾರಂತೆ, ಬರೋಕಾಗಲ್ವಂತೆ. ಮರದ ಹಿಂದೆ ಅಜ್ಜಿಯರು ಕೂತಿದಾರೆ, ಅವರ ಹತ್ರ ಬಿಡಲಾ ಅಂತ ಕೇಳಿದೆ."

"ಏನಂದ್ಲು?" ಇಬ್ಬರೂ ಒಟ್ಟಿಗೆ ಕೇಳಿದರು.

"ಮರದ ಹಿಂದೇನಾ ಅಂತ ಕೇಳಿದ್ರು. ಆಮೇಲೆ ನಕ್ರು. ಯಾರಾದ್ರೂ ಒಬ್ಬರಿಗೆ ಕೊಡು, ಇಬ್ಬರಿಗೂ ಮಾತ್ರ ಕೊಡಬೇಡ ಅಂದ್ರು."

ಮಗುವಿನ ಬೆಚ್ಚಗಿನ ತಲೆ ಫ್ರೋಸೋಳ ತೊಡೆಯ ಮೇಲಿತ್ತು. ಅದರ ಕೂದಲಲ್ಲಿ ಮರಳಿತ್ತು, ಬಿಸಿಲಿನ ವಾಸನೆಯಿತ್ತು. ಮನೆಯಲ್ಲಿ ಗಂಜಿಗೆ ನುಚ್ಚು ನೆನೆಹಾಕಿದ್ದು ನೆನಪಾಯಿತು. ಪಕ್ಕಕ್ಕೆ ನೋಡಿದಳು. ತಾಸಿಯಾ ಜಗಳಕ್ಕೆ ಸಿದ್ಧಳಾಗಿ ಸೊಂಟ ನೆಟ್ಟಗೆ ಮಾಡಿಕೊಂಡಿದ್ದಳು, ಆದರೆ ಅವಳ ಕೈ ಆಗಲೇ ಮಗುವಿನ ಬೆನ್ನಿಗೆ ಮೆತ್ತಿದ್ದ ಮರಳನ್ನು ಮೆಲ್ಲಗೆ ಕೊಡವುತ್ತಿತ್ತು.

"ಇವರಿಗೆ ಕೊಡಮ್ಮ," ಎಂದಳು ಫ್ರೋಸೋ. "ನನಗೆ ಮೀನು ತರೋದಿದೆ."

"ಬೀಗಿತ್ತಿ…" ಎಂದಳು ತಾಸಿಯಾ.

"ಹೊಟ್ಟೆ ಬಿರಿಯೋ ಹಾಗೆ ತುಂಬಿಸಬೇಡಿ. ಸಂಜೆ ಫೋನ್ ಮಾಡಿ, ಏನೇನು ಮಾಡಿದ ಹೇಳಿ. ಒಂದೂ ಬಿಡಬಾರದು."

ತಿರುಗಿ ನೋಡದೆ ನಡೆದಳು. ಮೀನು ಮಾರುಕಟ್ಟೆಯಲ್ಲಿ ಬೇಕಾಗದಿದ್ದರೂ ಬಂಗುಡೆ ಕೊಂಡಳು, ಮೀನುಗಾರನ ಜೊತೆ ಚೌಕಾಸಿಗೆ ನಿಂತಳು. ಕಣ್ಣು ಯಾಕೆ ಒದ್ದೆ ಎಂದು ಅವನು ಕೇಳಿದರೆ, ನಿನ್ನ ಮೀನಿನ ಬೆಲೆ ಕೇಳಿ ಎಂದಳು.

ಸಂಜೆ ತಾಸಿಯಾಳ ಫೋನು ಬಂತು. ಇರುವೆ ಸಾಲು ನೋಡಿದ್ದು, ನಾಯಿಗೆ ಟಾಟಾ ಮಾಡಿದ್ದು, ನಿದ್ದೆಯಲ್ಲಿ ಬೂಟು ಬಿಚ್ಚಲು ಬಿಡದೆ ಒದ್ದದ್ದು, ಯಾವುದನ್ನೂ ಬಿಡದೆ ಹೇಳಿದಳು. ಇಟ್ಟ ಕೂಡಲೇ ಮತ್ತೆ ರಿಂಗಾಯಿತು. ಈ ಸಲ ಕ್ಲಿಯೋ.

"ಅತ್ತೆ, ಅಮ್ಮ ಎಲ್ಲಾ ಹೇಳಿದ್ರು," ಎಂದಳು. "ಮಿರ್ತೋ ಇರ್ತಾಳೆ. ಅವಳು ಇರಬೇಕು, ನನಗೆ ನೆಮ್ಮದಿ ಇದೆ. ಆದ್ರೆ ಬುಧವಾರ, ಶನಿವಾರ ಅವಳಿಗೆ ರಜೆ ಕೊಡೋಣ ಅಂತಿದೀನಿ. ಬುಧವಾರ ನೀವು, ಶನಿವಾರ ಅಮ್ಮ. ಆಗುತ್ತಾ?"

"ನೋಡೋಣ," ಎಂದಳು ಫ್ರೋಸೋ. "ನನಗೂ ಕೆಲಸ ಇರುತ್ತೆ."

ಆ ಕಡೆ ಕ್ಲಿಯೋ ನಗುವುದು ಕೇಳಿಸಿತು.

ಬುಧವಾರ ಬೆಳಗಿನ ಜಾವ ಮಳೆ ಬಿದ್ದು ಹೊಳವಾಗಿತ್ತು. ಬಂದರಿನ ಕಟ್ಟೆಯ ಮೇಲೆ ಅಜ್ಜಿ ಮೊಮ್ಮಗ ಇಬ್ಬರೇ ನಡೆಯುತ್ತಿದ್ದರು. ದಾರಿಯ ನಡುವೆ ನೀರು ನಿಂತು ಒಂದು ಹೊಂಡವಾಗಿತ್ತು, ಅದರಲ್ಲಿ ದೋಣಿಯ ಕಂಬಗಳು ತಲೆಕೆಳಗಾಗಿ ಅಲುಗುತ್ತಿದ್ದವು. ಆರ್ಗಿರಿಸ್ ಅದರ ಅಂಚಿಗೆ ಹೋಗಿ ನಿಂತ. ನೀರು ನೋಡಿದ, ತನ್ನ ಹೊಸ ಬೂಟು ನೋಡಿದ, ಆಮೇಲೆ ಕತ್ತು ತಿರುಗಿಸಿ ಅಜ್ಜಿಯನ್ನು ನೋಡಿದ.

ಬೇಡ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೆರಳಿಗೆ ಬೆರಳು ಹೆಣೆದು, ನಿಂತಲ್ಲೇ ನಿಂತಳು.

ಮಗು ಒಂದು ಕಾಲು ಎತ್ತಿತು.