ಕರೆ ಹರೀತು

ನೀರು ಬಂದು ಹೋದದ್ದು ಒಂದೇ ಮಧ್ಯಾಹ್ನದ ಮಾತು. ಕೆಸರು ಎತ್ತಲು ತೊಡಗಿ ಇವತ್ತಿಗೆ ಆರು ದಿನ.

ಮಾಧವಿ ಒಳಗಿನಿಂದ ಬಾಂಡಲಿ ತುಂಬಿ ತರುತ್ತಿದ್ದಳು. ತನ್ನ ಮನೆಯ ಹೊಸಿಲ ಹತ್ತಿರ ನಿಂತ ಓರಗಿತ್ತಿ ಕಮಲಾಕ್ಷಮ್ಮ ಅದನ್ನು ಈಸಿಕೊಂಡು ಬೀದಿಯ ರಾಶಿಗೆ ಸುರಿಯುತ್ತಿದ್ದಳು. ಬಾಂಡಲಿ ಕೈ ಬದಲಾಗುವಾಗ ಇಬ್ಬರ ಬೆರಳೂ ತಾಗುತ್ತಿದ್ದವು, ಕಣ್ಣು ತಾಗುತ್ತಿರಲಿಲ್ಲ. ಎಷ್ಟು ಎತ್ತಿದರೂ ಅಡಿಯಲ್ಲಿ ಇನ್ನಷ್ಟು. ಯಾರದೋ ಚಪ್ಪಲಿ, ತೆಂಗಿನ ಕರಟ, ಬಾಳೆಯ ದಿಂಡು, ಒಮ್ಮೆ ಒಂದು ಸತ್ತ ಕೋಳಿಮರಿ. ಮಾಧವಿಗೆ ಅಳು ಕೂಡ ಬರುತ್ತಿರಲಿಲ್ಲ. ಅಳುವುದಕ್ಕೂ ಸೊಂಟ ನೆಟ್ಟಗಿರಬೇಕು.

ಮಡತ್ತುಕುಳಂನಿಂದ ಮೂರು ಮೈಲಿ ದೂರ, ಅಮರಾವತಿ ಹೊಳೆಗೆ ಅಂಟಿಕೊಂಡ ನೇಕಾರರ ಬೀದಿ ಅದು. ಇವರ ಅಜ್ಜಂದಿರ ಅಜ್ಜಂದಿರು ಯಾವ ಕಾಲದಲ್ಲೋ ಮಗ್ಗದ ಹಣಿಗೆ, ಲಾಳಿ ಹೊತ್ತುಕೊಂಡು ಘಟ್ಟ ಇಳಿದು ಬಂದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಬಲ್ಲವರು ಬೀದಿಗೊಬ್ಬರೂ ಇಲ್ಲ. ಕನ್ನಡದ ಕತೆ ಬಲ್ಲವರು ಮನೆಗೊಬ್ಬರು ಇದ್ದರು. ಮಾಧವಿಯ ಅಜ್ಜಿ ಹೇಳುತ್ತಿದ್ದಳು: ಹೊಳೆಯಮ್ಮ ಒಂದು ಸಲ ನೇಕಾರನ ಬಾಗಿಲಿಗೆ ಬಂದಳಂತೆ, ಉಡಲಿಕ್ಕೆ ಸೀರೆಯಿಲ್ಲ ಅಂದಳಂತೆ. ಆತ ಆರು ತಿಂಗಳು ಕೂತು, ಮಲೆಯಿಂದ ಕಡಲಿನ ತನಕ ಉದ್ದದ ಸೀರೆ ನೇಯ್ದನಂತೆ. ಎರಡು ಬದಿಗೂ ಕೆಮ್ಮಣ್ಣಿನ ಬಣ್ಣದ ಕರೆ ಹಾಕಿದನಂತೆ. ‘ತಾಯೀ, ಕರೆ ಮೀರಿ ಕಾಲಿಡಬೇಡ’ ಅಂದನಂತೆ. ಅದಕ್ಕೇ ಸೀರೆಯ ಅಂಚಿಗೂ ಕರೆ, ಹೊಳೆಯ ದಡಕ್ಕೂ ಕರೆ. ನಮ್ಮ ಮನೆಮಾತಿನಲ್ಲೂ ಕರೆ, ಬೀದಿಯ ತಮಿಳಿನಲ್ಲೂ ಕರೈ.

‘ಮೀರಿದರೆ ಅಜ್ಜೀ?’

‘ಮೀರಿದರೆ ಮತ್ತೆ ನೇಯೋದು. ಬೇರೆ ಏನು ವೇಲೆ ಇದೆ ನಮಗೆ?’ ಅಂತ ಅಜ್ಜಿ ಎಲೆಅಡಿಕೆ ಉಗುಳುತ್ತಿದ್ದಳು.

ಈ ಸಲ ಹೊಳೆ ಮೀರಿತು. ಮಲೆಯ ಮೇಲೆ ಆಕಾಶವೇ ಕಳಚಿ ಬಿದ್ದ ಹಾಗೆ ಮಳೆ ಸುರಿದಿತ್ತಂತೆ. ಕೆಳಗೆ ಬೀದಿಯಲ್ಲಿ ಬರೀ ತುಂತುರು, ಯಾರೂ ಕೊಡೆ ಕೂಡ ಬಿಚ್ಚಿರಲಿಲ್ಲ. ಇಟ್ಟಿಗೆ ಗೂಡಿನಲ್ಲಿ ಎಂಟು ಜನ ಹೋದರು. ಬಾಳೆತೋಟದ ಕಾವಲಿಗಿದ್ದ ಗಂಡ ಹೆಂಡತಿ ಹೋದರು. ನೇಕಾರರ ಬೀದಿಯಿಂದ ಹೋದವರು ಒಬ್ಬರೇ, ಕಮಲಾಕ್ಷಮ್ಮನ ಗಂಡ ಬೆಳ್ಳಿಯಪ್ಪ, ಮಾಧವಿಗೆ ಭಾವ. ಉಳಿದವರೆಲ್ಲ ಶಾಲೆಯ ಮಾಳಿಗೆ ಹತ್ತಿ ಬದುಕಿದರು. ಬೆಳ್ಳಿಯಪ್ಪ ಸಿಕ್ಕಿದ್ದು ಮರುದಿನ, ಕುಸಿದ ಗೋಡೆಯ ಮಣ್ಣಿನಡಿ, ಮಗ್ಗದ ಗುಂಡಿಯಲ್ಲಿ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಹಳೆಯ ಮಗ್ಗ. ಅದು ಅವರದಲ್ಲ, ಪಕ್ಕದ ಮನೆಯ ಮಾಧವಿಯದು.

ಅಲ್ಲಿಂದಲೇ ಬೀದಿಯ ಬಾಯಿ ಶುರುವಾಯಿತು. ನೀರು ಬರುವಾಗ ತಮ್ಮನ ಹೆಂಡತಿಯ ಮಗ್ಗದ ಗುಂಡಿಯಲ್ಲಿ ಇವರಿಗೇನು ಕೆಲಸ? ಎದುರು ಮನೆಯ ತಂಗಮಣಿ ಇವತ್ತೂ ಪೊರಕೆ ಹಿಡಿದು ಬಂದವಳು, ಸಹಾಯಕ್ಕೆ ಎಂಬಂತೆ ನಿಂತು, ತಮಿಳಿನಲ್ಲಿ ಎಳೆದಳು:

‘ಏನ್ ಕಮಲಕ್ಕಾ, ಗುಂಡಿ ತೋಡಿದ್ರಾ? ಅಡಿಯಲ್ಲಿ ಏನಾದ್ರೂ ಸಿಕ್ತಾ? ಒಡವೆ ಗಿಡವೆ ಹೂತಿಟ್ಟಿದ್ರೇನೋ ಅಂತ ಊರು ಮಾತಾಡುತ್ತೆ. ನಾನಲ್ಲಪ್ಪ.’

‘ಸಿಕ್ತು’ ಅಂದಳು ಕಮಲಾಕ್ಷಮ್ಮ. ‘ನಿನ್ನ ಗಂಡನ ಚಪ್ಪಲಿ ಒಂದು. ಆ ರಾಶೀಲಿದೆ, ತಗೊಂಡು ಹೋಗು.’

ತಂಗಮಣಿ ಹೋದಳು. ಕಮಲಾಕ್ಷಮ್ಮನ ಮುಖದಲ್ಲಿ ನಗು ಇರಲಿಲ್ಲ. ಗೋಡೆಗೆ ಒರಗಿ ಕೂತು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

‘ಮೂರು ಗಂಟೆಗೆ ಆ ಗೋಕಿಲಾ ಬರ್ತಾಳಂತೆ’ ಅಂದಳು. ಗೋಕಿಲಾ ತಾಲೂಕು ಕಚೇರಿಯಿಂದ ಬಂದು ಸತ್ತವರ ಮನೆಮನೆಗೆ ಹೋಗಿ ಬರೆದುಕೊಳ್ಳುತ್ತಿದ್ದ ಹುಡುಗಿ. ‘ಹೆಂಗೆ ಸತ್ತರು, ಯಾಕೆ ಓಡಲಿಲ್ಲ ಅಂತ ಕೇಳ್ತಾಳೆ. ನಾ ಏನು ಹೇಳಲಿ? ನಾ ಅವತ್ತು ಸಿಂಗಾನಲ್ಲೂರಲ್ಲಿ ಮಗಳ ಮನೇಲಿ ಕೂತು ಬೋಂಡ ತಿಂತಾ ಇದ್ದೆ ಅಂತಾನಾ?’

ಮಾಧವಿ ಬಾಂಡಲಿಯ ಅಂಚಿಗಂಟಿದ ಕೆಸರು ಕೆರೆದಳು. ಉತ್ತರ ಅವಳಿಗೆ ಗೊತ್ತಿತ್ತು. ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಆರು ದಿನದಿಂದ ಕೆಸರು ಎತ್ತುತ್ತಿದ್ದಳು. ಗಂಡ ಶ್ರೀನಿವಾಸ ತಿರುಪ್ಪೂರಿನ ಬನಿಯನ್ ಕಂಪನಿಯಿಂದ ಬಂದು, ಅಣ್ಣನ ಸಂಸ್ಕಾರ ಮುಗಿಸಿ, ಮೂರು ದಿನ ಮಣ್ಣು ಹೊತ್ತು ತಿರುಗಿ ಹೋಗಿದ್ದ. ಅವನ ಮುಂದೆಯೂ ಬಾಯಿ ಬಂದಿರಲಿಲ್ಲ.

ನಡೆದದ್ದು ಇಷ್ಟು. ಬೀದಿಯ ತುಂಬ ಕರೆಂಟು ಮಗ್ಗಗಳ ಗದ್ದಲ. ಕೈಮಗ್ಗ ಉಳಿದದ್ದು ಇವರ ಎರಡೇ, ಒಂದು ಗೋಡೆಯ ಆಚೆ ಈಚೆ. ಆ ಗದ್ದಲದಲ್ಲಿ ಕೂಗಿದರೆ ಗೋಡೆಗೂ ಕೇಳುವುದಿಲ್ಲ. ಅದಕ್ಕೆ ಮಾಧವಿ ಕೂತಲ್ಲಿಂದಲೇ ಭಾವನಿಗೆ ಫೋನು ಮಾಡುತ್ತಿದ್ದಳು, ಎರಡೇ ಮಾತು. ‘ಭಾವಾ, ಲಾಳಿ ಸಿಕ್ಕೊಂತು.’ ‘ಭಾವಾ, ಊಟಕ್ಕೆ ಬನ್ನಿ.’ ಆ ವಾರದ ಸೀರೆಗೆ ಸಿಕ್ಕಿದ್ದ ಅಂಚಿನ ರೇಷ್ಮೆ ಹಳೆಯದು, ಒಣ ಹುಲ್ಲಿನ ಹಾಗೆ ಪಟಪಟ ಕಿತ್ತುಬರುತ್ತಿತ್ತು. ಅವತ್ತು ಬೆಳಗ್ಗೆ ಮೂರು ಸಲ ಫೋನು ಮಾಡಿದ್ದಳು: ‘ಭಾವಾ, ಕರೆ ಹರೀತು!’ ಮೂರು ಸಲವೂ ಬೆಳ್ಳಿಯಪ್ಪ ಬಂದು, ಅವಳನ್ನು ಎಬ್ಬಿಸಿ, ಗುಂಡಿಗಿಳಿದು ಕೂತು ಎಳೆ ಎಳೆಗೆ ಗಂಟು ಹಾಕಿಕೊಟ್ಟು ಹೋಗಿದ್ದರು. ‘ನಿನ್ನ ಕೈಗಂಟು ಆನೆ ಕಾಲಿನ ಹಂಗೆ ಇರುತ್ತಮ್ಮಾ, ಹಣಿಗೇಲಿ ನುಗ್ಗಲ್ಲ’ ಅಂತ ಗೇಲಿ ಬೇರೆ. ನಾಲ್ಕನೆಯ ಸಲ ಹರಿದಾಗ ಅವಳಿಗೇ ಸಾಕಾಗಿತ್ತು. ಹೇಳದೆ ಕೇಳದೆ ಮಗ್ಗದ ಹಾಸಿನ ಎಳೆಗಳ ಮೇಲೊಂದು ಬಟ್ಟೆ ಮುಚ್ಚಿ, ಎಣ್ಣೆ ಡಬ್ಬಿ ಹಿಡಿದು ರೇಷನ್ ಅಂಗಡಿಗೆ ಹೋದಳು.

ಅಂಗಡಿ ದಿಬ್ಬದ ಮೇಲೆ. ಅಲ್ಲಿಂದ ಅವಳು ಕಂಡದ್ದು ಹೊಳೆಯನ್ನಲ್ಲ, ಹೊಳೆಯ ಬಣ್ಣವನ್ನು. ಚಹಾದ ಬಣ್ಣ. ನೋಡುತ್ತಿದ್ದಂತೆ ಮಣ್ಣಿನ ದಂಡೆ ನಡುವಿನಲ್ಲಿ ಬಾಯಿ ತೆರೆಯಿತು. ಸದ್ದಿಲ್ಲ. ಹಳೆ ಸೀರೆ ಹರಿದ ಹಾಗೆ, ಒಂದು ಕಡೆಯಿಂದ ಹಿಡಿದು ಸರ್ರನೆ. ಜನ ಶಾಲೆಯ ಕಡೆ ಓಡಿದರು. ಮಾಧವಿ ಫೋನು ತೆಗೆದಳು.

‘ಭಾವಾ! ಕರೆ ಹರೀತು! ಕರೆ ಹರಿದು ಹೋತು!’

ಆ ಕಡೆ ಕರೆಂಟು ಮಗ್ಗಗಳ ಗದ್ದಲ. ಅದರ ನಡುವೆ ಭಾವನ ದನಿ: ‘ಬಂದೆ ಬಂದೆ. ನೀನು ಇರು.’

ಬಂದೆ ಅಂದರಲ್ಲ, ಬರುತ್ತಾರೆ. ಶಾಲೆಯ ಗೇಟಿನಲ್ಲಿ ನಿಂತು ಅವಳು ಕಾದಳು. ನೀರು ಮೆಟ್ಟಿಲಿಗೆ ಬಂತು, ಅವಳನ್ನು ಯಾರೋ ಮೇಲಕ್ಕೆ ಎಳೆದುಕೊಂಡರು, ಅಲ್ಲಿಂದಲೂ ಕಾದಳು. ಬೇರೆ ದಾರಿಯಲ್ಲಿ ಹೋಗಿರುತ್ತಾರೆ ಅಂದುಕೊಂಡಳು. ಮರುದಿನ ಅವಳದೇ ಗುಂಡಿಯಿಂದ ಅವರನ್ನು ಎತ್ತುವಾಗ, ಬಲಗೈ ಹೆಬ್ಬೆರಳಿಗೆ ಕೆಂಪು ರೇಷ್ಮೆಯ ಎಳೆ ಸುತ್ತಿಕೊಂಡಿದ್ದು ಕಂಡಳು. ಆಗ ತಿಳಿಯಿತು, ಅವರು ಬಂದದ್ದು ಎಲ್ಲಿಗೆ ಎಂದು.

‘ಒಳಗೆ ಬಾ’ ಅಂದಳು ಕಮಲಾಕ್ಷಮ್ಮ ಈಗ. ‘ಒಂದು ತೋರಿಸ್ತೀನಿ.’

ಅಡಿಗೆಮನೆಯ ಹಗ್ಗದ ಮೇಲೆ ಅವಳು ಮಾಧವಿಯ ಹಾಸನ್ನು ಮಗ್ಗದಿಂದ ಕತ್ತರಿಸಿ ತಂದು, ತೊಳೆದು, ಹರವಿದ್ದಳು. ಯಾವಾಗ ತೊಳೆದಳೋ. ಮಣ್ಣಿನ ಬಣ್ಣ ಪೂರ್ತಿ ಹೋಗಿರಲಿಲ್ಲ. ಅವಳು ಅಂಚನ್ನು ಬೆರಳ ಮೇಲೆ ಹಾಕಿಕೊಂಡು, ನೇಯ್ದ ಭಾಗಕ್ಕೆ ಇನ್ನೂ ಸೇರದ ಎಳೆಗಳನ್ನು ಒಂದೊಂದಾಗಿ ತೋರಿಸಿದಳು.

‘ನೋಡು. ಗಂಟು ಹಾಕಿ ಬಾಲ ಕತ್ತರಿಸದೆ ಬಿಟ್ಟಿದೆ. ಮೂವತ್ತು ವರ್ಷ ಬೈದಿದ್ದೀನಿ, ಬಾಲ ಕತ್ತರಿಸ್ರೀ ಅಂತ. ಇದು ಅವರ ಕೈಯೇ. ಏಳು ಗಂಟು. ಇನ್ನೂ ನಾಲ್ಕು ಎಳೆ ಹರಿದದ್ದು ಹಂಗೇ ಇದೆ.’

ಮಾಧವಿ ಆ ನಾಲ್ಕು ಎಳೆಯನ್ನು ಮುಟ್ಟಿ ನೋಡಿದಳು. ಅವಳು ನೆಲಕ್ಕೆ ಕೂತಳು.

‘ಏಳು ಗಂಟು ಹಾಕೋ ಹೊತ್ತಲ್ಲಿ ಸ್ಕೂಲಿಗೆ ಎರಡು ಸಲ ಹೋಗಿ ಬರಬಹುದು ಮಾಧವಿ. ಒಡವೆ ಗಿಡವೆ ಅಂತ ಊರು ಹೇಳಲಿ, ಅದಕ್ಕೆ ನಂಗೆ ಕಷ್ಟಂ ಇಲ್ಲ. ಗಂಟು ಹಾಕೋಕೆ ಹೋದ್ರು ಅಂತ ಮೂರು ದಿನದಿಂದ ಗೊತ್ತು ನಂಗೆ. ಆದ್ರೆ ನೀ ಮನೇಲಿ ಇರಲಿಲ್ಲ. ನಿನ್ನ ಕರೆ ಹರೀತು ಅಂತ ಅವರಿಗೆ ಹೇಳಿದ್ದು ಯಾರು?’

ಹೊರಗೆ ಯಾರೋ ಗುದ್ದಲಿ ಎಳೆದುಕೊಂಡು ಹೋಗುತ್ತಿದ್ದರು.

‘ನಾನೇ’ ಅಂದಳು ಮಾಧವಿ.

‘ಎಲ್ಲಿಂದ?’

‘ರೇಷನ್ ಅಂಗಡಿಯಿಂದ. ಹೊಳೆ ನೋಡ್ಕೊಂಡು. ಹೊಳೆ ಕರೆ ಅಕ್ಕಾ. ನಾ ಹೇಳಿದ್ದು ಹೊಳೆ ಕರೆ.’

ಕಮಲಾಕ್ಷಮ್ಮ ಬೆರಳ ಮೇಲಿನ ಅಂಚನ್ನು ಕೆಳಗೆ ಬಿಟ್ಟಳು. ಆಮೇಲೆ, ‘ಹೆಂಗೆ ಹೇಳಿದೆ? ಅವತ್ತು ಹೇಳಿದ ಹಂಗೇ ಹೇಳು’ ಅಂದಳು.

‘ಬೇಡಕ್ಕಾ.’

‘ಹೇಳು ಅಂದೆ.’

‘ಭಾವಾ, ಕರೆ ಹರೀತು. ಕರೆ ಹರಿದು ಹೋತು.’ ಕೂಗಿ ಹೇಳುವ ಶಕ್ತಿ ಅವಳಲ್ಲಿರಲಿಲ್ಲ. ಸಂತೆಯಲ್ಲಿ ಸೊಪ್ಪಿನ ಬೆಲೆ ಹೇಳಿದ ಹಾಗೆ ಹೇಳಿದಳು.

ಕಮಲಾಕ್ಷಮ್ಮ ಆ ಮಾತನ್ನು ತುಟಿಯಲ್ಲೇ ಒಂದೆರಡು ಸಲ ಆಡಿ ನೋಡಿದಳು. ಕಣ್ಣು ಮುಚ್ಚಿ ಕೇಳಿ ನೋಡಿದಳು, ಗಂಡನ ಕಿವಿಯಿಂದ ಎಂಬಂತೆ. ಆಮೇಲೆ ಒಮ್ಮೆಗೇ ದನಿ ಏರಿಸಿದಳು:

‘ನೀರು ಅನ್ನಬಾರದಿತ್ತೇನೇ? ಊರೆಲ್ಲ ನಾಯಿ ನರಿ ಹತ್ರ ಗಂಟೆಗಟ್ಟಲೆ ಮಾತಾಡ್ತೀಯಲ್ಲ, ಅವತ್ತು ನೀರು ಅಂತ ಒಂದು ಮಾತು! ತಣ್ಣಿ ಅಂತ ಆದ್ರೂ ಅನ್ನಬಾರದಿತ್ತಾ?’

‘ಬಾಯಿಗೆ ಬರಲಿಲ್ಲಕ್ಕಾ. ಕಣ್ಣಿಗೆ ಕಂಡಿದ್ದು ಅದು, ಹರಿಯೋದು. ಬೆಳಗಿಂದ ಮೂರು ಸಲ ಕರೆದಿದ್ದೆ, ನಾಲಿಗೆ ಮೇಲೆ ಇದ್ದಿದ್ದೂ ಅದೇ.’

‘ಹೂಂ.’

‘ಬಂದೆ ಅಂದ್ರು. ಬರ್ತಾರೆ ಅಂತ ಗೇಟಲ್ಲೇ ನಿಂತಿದ್ದೆ.’

‘ಹೂಂ’ ಅಂದಳು ಮತ್ತೆ. ಹಗ್ಗದ ಮೇಲಿನ ಹಾಸನ್ನು ಸರಿಮಾಡಿದಳು, ಸರಿಮಾಡಲು ಏನೂ ಇಲ್ಲದಿದ್ದರೂ. ‘ಹೋಗು. ಮುಖ ತೊಳಿ. ಆ ಹುಡುಗಿ ಬರೋ ಹೊತ್ತಾಯ್ತು.’

ಗೋಕಿಲಾ ಬಂದಾಗ ಮೂರೂವರೆ. ಚೂಡಿದಾರಕ್ಕೆ ಮೊಣಕಾಲಿನ ತನಕ ಕೆಸರು, ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಕಾಗದದ ಕಟ್ಟು. ಬೆಳಗಿನಿಂದ ಏಳು ಮನೆ ಮುಗಿಸಿ ಬಂದವಳ ದನಿಯಲ್ಲಿ ಜೀವ ಇರಲಿಲ್ಲ. ‘ಸಾಪ್ಟೀಂಗಳಾಕ್ಕಾ?’ ಅಂತ ಊಟದ ವಿಚಾರ ಕೇಳಿ, ಉತ್ತರಕ್ಕೆ ಕಾಯದೆ ಪೆನ್ನು ತೆಗೆದಳು. ಹೆಸರು, ವಯಸ್ಸು, ಕೆಲಸ. ಆಮೇಲೆ ಆ ಪ್ರಶ್ನೆ. ನೀರು ಬರುವ ಸುದ್ದಿ ಅವರಿಗೆ ಗೊತ್ತಿತ್ತಾ? ಗೊತ್ತಿದ್ದೂ ಯಾಕೆ ಹೊರಗೆ ಬರಲಿಲ್ಲ?

ಮಾಧವಿ ಕೂತಲ್ಲೇ ಮುಂದಕ್ಕೆ ಸರಿದಳು. ತಾನೇ ಹೇಳಿಬಿಡಬೇಕು ಅಂದುಕೊಂಡಳು. ಕಮಲಾಕ್ಷಮ್ಮ ಮೊದಲು ಮಾತಾಡಿದಳು, ತಮಿಳಿನಲ್ಲಿ, ಒಂದೊಂದೇ ಮಾತನ್ನು ನೋಡಿ ಇಡುತ್ತ.

‘ಕರೈ ಅರುಂದುರುಚ್ಚುನ್ನು ಕೂಪ್ಟಾಂಗ. ಪೋನಾರು.’

ಕರೆ ಹರಿದಿದೆ ಎಂದು ಕರೆದರು. ಹೋದರು. ಅಷ್ಟೇ.

ಗೋಕಿಲಾಳ ಪೆನ್ನು ನಿಂತಿತು. ಮೊದಲ ಸಲ ಅವಳು ತಲೆಯೆತ್ತಿ ನೋಡಿದಳು. ಅವಳು ನೇಕಾರರ ಮನೆಯವಳಲ್ಲ. ಅವಳಿಗೆ ಕರೈ ಅಂದರೆ ಒಂದೇ.

‘ಹೊಳೆ ದಂಡೆ ಒಡೆದಿದೆ ಅಂದ ಕೂಡಲೇ ಹೋದ್ರಾ? ಈ ವಯಸ್ಸಲ್ಲಿ?’

‘ಯಾರು ಕರೆದ್ರೂ ಹೋಗ್ತಿದ್ರು. ಬೆಳಗಿಂದ ಅದು ನಾಲ್ಕನೇ ಸಲ.’

‘ಆಮೇಲೆ ತಿರುಗಿ ಓಡಿ ಬಂದು, ಇವರ ಮನೇಲಿ ಯಾರಾದ್ರೂ ಇದ್ದಾರಾ ಅಂತ ನೋಡುವಾಗ ಗೋಡೆ ಬಿತ್ತು. ಅಲ್ವಾಕ್ಕಾ?’

ಕಮಲಾಕ್ಷಮ್ಮ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಮಾಧವಿ ಬಾಯಿ ತೆರೆದಳು. ಕಮಲಾಕ್ಷಮ್ಮನ ಕೆಸರುಗೈ ಅವಳ ಮಣಿಕಟ್ಟನ್ನು ಹಿಡಿಯಿತು, ನೋಯುವಷ್ಟು ಬಿಗಿಯಾಗಿ. ಗೋಕಿಲಾ ಬರೆದಳು. ಬರೆದು ಮುಗಿಸಿ, ಏನು ತೋಚಿತೋ, ಎದ್ದು ನಿಂತು ಗೋಡೆಯ ಮೇಲೆ ಹೂ ಹಾಕಿದ್ದ ಬೆಳ್ಳಿಯಪ್ಪನ ಫೋಟೋಗೆ ಕೈ ಮುಗಿದು ಹೋದಳು.

ಬೀದಿಗೆ ಆ ಸುದ್ದಿ ಸಂಜೆಯೊಳಗೆ ಮುಟ್ಟುತ್ತದೆ. ತಂಗಮಣಿಯೇ ಮುಟ್ಟಿಸುತ್ತಾಳೆ.

‘ಅಕ್ಕಾ, ಅವಳು ತಪ್ಪಾಗಿ ಬರ್ಕೊಂಡ್ಳು.’

‘ನಾ ಏನಾದ್ರೂ ಸುಳ್ಳು ಹೇಳಿದ್ನಾ? ಕರೆ ಹರೀತು ಅಂದೆ ನೀನು. ಹೋದ್ರು ಅವರು.’

‘ನನ್ನ ಮೇಲೆ ಕೋಪ ಇಲ್ವಾ ನಿಂಗೆ?’

ಕಮಲಾಕ್ಷಮ್ಮ ಕೈಬಿಟ್ಟಳು. ಮಾಧವಿಯ ಮಣಿಕಟ್ಟಿನ ಮೇಲೆ ಐದು ಬೆರಳಿನ ಮಣ್ಣು ಹಾಗೇ ಇತ್ತು.

‘ಇದೆ. ಇಲ್ದೆ ಏನು? ಬೇಕಾದಷ್ಟಿದೆ. ಈಗ ಅದನ್ನ ಎತ್ತೋ ಶಕ್ತಿ ಇಲ್ಲ ನಂಗೆ.’ ಅವಳು ಸೊಂಟ ಹಿಡಿದುಕೊಂಡು ಎದ್ದಳು. ‘ಈ ಕೆಸರು ಮುಗೀಲಿ. ಆಮೇಲೆ ಕೂತ್ಕೊಂಡು ಕೋಪ ಮಾಡ್ಕೋತೀನಿ. ನೀನೂ ಎದುರಿಗೇ ಕೂತಿರಬೇಕು, ತಿರುಪ್ಪೂರಿಗೆ ಗಂಡನ ಹತ್ರ ಓಡಿಹೋಗ್ಬಾರ್ದು. ಕೇಳ್ತಾ?’

‘ಕೇಳ್ತು.’

‘ಏನು ಕೇಳ್ತು? ಸರಿಯಾಗಿ ಹೇಳು.’

‘ಕೆಸರು ಮುಗಿದ ಮೇಲೆ ನೀನು ಕೋಪ ಮಾಡ್ಕೋತೀಯ. ನಾನು ಇಲ್ಲೇ ಇರ್ತೀನಿ.’

‘ಹಾಂ. ಎತ್ತು ಬಾಂಡಲಿ.’

ಮಾಧವಿ ಒಳಗೆ ಹೋದಳು. ಹಿಂದಿನ ಕೋಣೆ ಇನ್ನೂ ಮುಟ್ಟೇ ಇರಲಿಲ್ಲ. ಅಲ್ಲಿ ಕೆಸರು ಮೊಣಕಾಲಿನ ಮಟ್ಟಕ್ಕಿತ್ತು.