ಕೊನೆಯ ಸಾಲಿನಲ್ಲಿ ಕುಳಿತ ಜಂಬುನಾಥ

ಒಂದೇ ಗುರುವಾರ, ಒಂದೇ ಪಿರಿಯಡ್ಡಿನಲ್ಲಿ, ಜಂಬುನಾಥ ಕಂಪ್ಲಿಯಿಂದ ಬುಕ್ಕಸಾಗರದವರೆಗಿನ ಅಷ್ಟೂ ಶಾಲೆಗಳ ಕೊನೆಯ ಸಾಲಿನಲ್ಲಿ ಕುಳಿತು ಪಾಠ ಕೇಳಿದ. ಒಂದಾದ ಮೇಲೊಂದಲ್ಲ, ಎಲ್ಲವನ್ನೂ ಒಟ್ಟಿಗೆ. ಅವನ ಬೈಕು ಕಾಲುವೆ ದಂಡೆಯ ಮೇಲೆ ಹೊರಟ ರಭಸಕ್ಕೆ ತುಂಗಭದ್ರೆ ಅರೆಗಳಿಗೆ ಹಿಂದಕ್ಕೆ ಹರಿದಳು. ಗದ್ದೆಯಲ್ಲಿ ನಿಂತಿದ್ದ ಕೊಕ್ಕರೆಗಳು ಆ ಗಾಳಿಗೆ ಸಿಕ್ಕು ಸಂಡೂರಿನ ಗುಡ್ಡದ ಮೇಲೆ ಹೋಗಿ ಬಿದ್ದವು. ಅಲ್ಲಿನ ಅದಿರಿನ ಧೂಳು ಮೆತ್ತಿಕೊಂಡು ಇವತ್ತಿಗೂ ಕೆಂಪಗೇ ಇವೆ. ನಂಬದವರು ಹೋಗಿ ನೋಡಿಕೊಂಡು ಬರಬಹುದು.

ಜಂಬುನಾಥ ಸಿಆರ್‌ಪಿ. ಅಂದರೆ ಶಾಲೆಯಿಂದ ಶಾಲೆಗೆ ಹೋಗಿ, ಟೀಚರು ಪಾಠ ಮಾಡುವುದನ್ನು ಹಿಂದೆ ಕುಳಿತು ನೋಡಿ, ಕಂಡದ್ದನ್ನು ಮೊಬೈಲಿನ ಫಾರ್ಮಿನಲ್ಲಿ ತುಂಬಿ ಕಳಿಸುವವನು. ಮೊದಲೆಲ್ಲ ಕಾಗದದ ಮೇಲೆ ಬರೆದು, ಹೆಡ್‌ಮಾಸ್ತರರ ಸಹಿ ಹಾಕಿಸಬೇಕಿತ್ತು. ಸಹಿಗಾದರೂ ಶಾಲೆಯ ಮೆಟ್ಟಿಲು ಹತ್ತಬೇಕಿತ್ತು. ಆನ್‌ಲೈನ್ ಫಾರ್ಮು ಬಂದ ಮೇಲೆ ಆ ತಾಪತ್ರಯ ತಪ್ಪಿತು. ಧ್ವನಿ ಕೊನೆಯ ಸಾಲಿಗೆ ಕೇಳುತ್ತದೆಯೇ, ಹೌದು. ಮಕ್ಕಳು ಪ್ರಶ್ನೆ ಕೇಳುತ್ತಾರೆಯೇ, ಹೌದು. ಕೆಳಗಿನ ಖಾಲಿ ಚೌಕದಲ್ಲಿ ನಾಲ್ಕು ಒಳ್ಳೆಯ ಮಾತು. ಫಾರ್ಮು ಟೀಚರ ಮೊಬೈಲಿಗೆ ಹೋಗುತ್ತದೆ, ಅವರು ‘ಒಪ್ಪುತ್ತೇನೆ’ ಒತ್ತುತ್ತಾರೆ, ಮುಗಿಯಿತು. ಅದರ ಪಕ್ಕದಲ್ಲೇ ‘ಒಪ್ಪುವುದಿಲ್ಲ’ ಅಂತ ಇನ್ನೊಂದು ಗುಂಡಿ ಇದೆ. ಆದರೆ ಜಂಬುನಾಥ ಯಾರನ್ನೂ ತೆಗಳುವವನಲ್ಲ, ಹೊಗಳಿಸಿಕೊಂಡವರು ಯಾರು ತಕರಾರು ತೆಗೆಯುತ್ತಾರೆ? ಆ ಗುಂಡಿಗೆ ಜೇಡ ಬಲೆ ಕಟ್ಟಿರಬೇಕು ಎಂದು ಅವನು ನಗುತ್ತಿದ್ದ.

ಹೊಸಪೇಟೆಯಲ್ಲಿ ನಡೆದ ಸಿಆರ್‌ಪಿಗಳ ಸಭೆಗೆ ಬಂದ ದಿನವೂ ನಗುತ್ತಲೇ ಬಂದ. ಹೊರಗೆ ಚಹಾದ ಗ್ಲಾಸು ಹಿಡಿದು ನಿಂತಿದ್ದ ಹುಲಿಗೇಶ್, ಸಂಡೂರು ಕಡೆಯ ಸಿಆರ್‌ಪಿ, ಮೀಸೆಯಲ್ಲೇ ನಕ್ಕ.

“ಬರ್ರಿ ಸಾಹೇಬ್ರ. ಎಷ್ಟು ಸಾಲಿ ನೋಡಿ ಬಂದ್ರಿ ಮುಂಜಾನಿಂದ?”

“ಹಲ್ಲು ಉಜ್ಜೂದ್ರಾಗ ಆರು ಮುಗಿಸೀನಿ. ನಿಮ್ಮಂಗ ಗುಡ್ಡ ಹತ್ತಿ ಇಳಿದು ಮೊಣಕಾಲು ಹಿಡಕೊಂಡು ಕುಂದ್ರೋ ಮಂದಿ ಅಲ್ಲ ನಾವು.”

“ಹಂಗಾರ ಇವತ್ತು ನಿಂದ ಐತಿ ಆಟ. ಮೇಡಂ ಗ್ವಾಡಿ ಮ್ಯಾಲ ನಿನ್ನ ಫಾರ್ಮ್ ಹಚ್ಯಾರ.”

ಜಂಬುನಾಥ ಬಾಗಿಲಿನಿಂದ ಒಳಗೆ ಇಣುಕಿದ. ಪ್ರೊಜೆಕ್ಟರಿನ ಬೆಳಕು ಗೋಡೆಗೆ ಬಿದ್ದಿತ್ತು. ಮುಂದಿನ ಕುರ್ಚಿಯಲ್ಲಿ ತಲೆಗೆ ರುಮಾಲು ಸುತ್ತಿದ ಹಿರಿಯನೊಬ್ಬ. ಅವನಿಂದ ಎರಡು ಕುರ್ಚಿ ಬಿಟ್ಟು, ತೊಡೆಯ ಮೇಲೆ ಮಕ್ಕಳ ಸ್ಲೇಟು ಇಟ್ಟುಕೊಂಡು, ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡ ಹೆಂಗಸು.

“ಯಾರಲೇ ಅಕಿ? ಈ ಸೆಕೆಯಾಗ ಕುತ್ತಿಗಿಗೆ ಮಫ್ಲರ್ ಸುತ್ಯಾಳ?”

ಹುಲಿಗೇಶ್ ಗ್ಲಾಸು ಕೆಳಗಿಟ್ಟು ಅವನನ್ನೇ ನೋಡಿದ. “ಸುಮಲತಾ ಟೀಚರ್. ಮೊನ್ನೆ ಗುರುವಾರ ಒಂದು ಪಿರಿಯಡ್ ಪೂರ್ತಿ ಅಕಿ ಪಾಠ ಕೇಳಿದಿಯಲ್ಲ. ಗುರ್ತ ಸಿಗಲಿಲ್ಲೇನು?”

ಜಂಬುನಾಥನ ನಗೆ ಮುಖದ ಮೇಲೇ ಉಳಿಯಿತು. “ಬೆಳಕಿಗೆ ಬೆನ್ನು ಮಾಡಿ ಕುಂತಾಳ,” ಎಂದು ಒಳಗೆ ನಡೆದ.

ಗೋಡೆಯ ಮೇಲಿದ್ದದ್ದು ಅವನದೇ ಫಾರ್ಮು, ಕಾಲುವೆಕಟ್ಟೆ ಕ್ಯಾಂಪ್ ಎಂಬ ಹಳ್ಳಿಯ ಶಾಲೆಯದು. ಹಸಿರು ಟಿಕ್ಕುಗಳ ಸಾಲಿನ ಕೊನೆಗೆ ಕೆಂಪಕ್ಷರದಲ್ಲಿ ಒಂದೇ ಮಾತು: ಶಿಕ್ಷಕರು ಒಪ್ಪುವುದಿಲ್ಲ.

ಮೇಲಧಿಕಾರಿ ಅನುಸೂಯಾ ಮೇಡಂ ಕನ್ನಡಕ ಸರಿಪಡಿಸಿಕೊಂಡರು. ದನಿ ಎತ್ತದೆಯೇ ಎದುರಿನವರ ಬೆನ್ನು ನೆಟ್ಟಗೆ ಮಾಡಿಸುವ ಹೆಂಗಸು.

“ವಿಷಯ ಸಣ್ಣದು. ಕ್ಯಾಂಪಿನ ಸಾಲಿ ಅಕ್ಕಿ ಮಿಲ್ಲಿನ ಬಗಲಾಗ ಐತಿ. ಆ ಸಪ್ಪಳದ ಮ್ಯಾಲೆ ಒದರಿ ಒದರಿ ಟೀಚರ ಗಂಟಲು ಹೋಗೇತಿ, ತಿಂಗಳತನಕ ಮಾತಾಡಬ್ಯಾಡ ಅಂದಾರ ಡಾಕ್ಟರು. ಇವರು ಅತಿಥಿ ಶಿಕ್ಷಕಿ, ಮನ್ಯಾಗ ಕುಂತರ ಜಾಗ ಹೋಗತೈತಿ. ಅದಕ್ಕ, ಮಾತಿಲ್ಲದ ಪಾಠ ಮಾಡ್ತೀನಿ, ಯಾರನ್ನರ ಕಳಿಸಿ ನೋಡ್ರಿ ಅಂತ ಕೇಳಿಕೊಂಡಿದ್ರು. ನಾ ಜಂಬುನಾಥ ಅವರನ್ನ ಕಳಿಸಿದ್ದೆ.”

ಜಂಬುನಾಥನಿಗೆ ಆ ಮೆಸೇಜು ಈಗ ನೆನಪಾಯಿತು. ಉದ್ದ ಇತ್ತು. ಶಾಲೆಯ ಹೆಸರು, ಟೀಚರ ಹೆಸರು ಓದಿ ಉಳಿದದ್ದು ಬಿಟ್ಟಿದ್ದ.

“ಊರವರು ಬಾಯಿ ಬಿಡದ ಟೀಚರ್ ಬ್ಯಾಡ ಅಂತಾರ,” ಮೇಡಂ ಮುಂದುವರಿಸಿದರು. “ಬ್ಯಾರೆಯವರನ್ನ ತಗೊಳ್ಳೋ ಆರ್ಡರು ನನ್ನ ಟೇಬಲ್ ಮ್ಯಾಲೆ ಐತಿ, ಸಹಿ ಒಂದು ಬಾಕಿ. ಈ ಫಾರ್ಮ್ ನೋಡಿ ಮಾಡೂಣು ಅಂತ ಕುಂತೆ. ಫಾರ್ಮ್‌ನ್ಯಾಗ ಏನೈತಿ, ಓದ್ತೀನಿ.”

ಓದಿದರು. ‘ಟೀಚರರ ಧ್ವನಿ ಗಂಟೆ ಹೊಡೆದಂತೆ ಕೊನೆಯ ಸಾಲಿನವರೆಗೂ ಮೊಳಗುತ್ತದೆ. ಹಾಡು, ಮಾತುಗಾರಿಕೆಯಲ್ಲಿ ಇಡೀ ತಾಲೂಕಿಗೆ ಮಾದರಿ.’

ಯಾರೋ ಕೆಮ್ಮಿದರು. ಸುಮಲತಾ ಕೆಮ್ಮಲಿಲ್ಲ, ಅಲುಗಾಡಲೂ ಇಲ್ಲ. ಅವಳ ಕೈ ಮಾತ್ರ ಸ್ಲೇಟಿನ ಅಂಚನ್ನು ಬೆರಳು ಬಿಳುಚುವಷ್ಟು ಗಟ್ಟಿಯಾಗಿ ಹಿಡಿದಿತ್ತು.

“ಇದು ಖರೇ ಇದ್ರ ಟೀಚರ್ ನಾಟಕ ಮಾಡಾಕತ್ಯಾರ,” ಎಂದರು ಮೇಡಂ. “ಹೇಳ್ರಿ ಜಂಬುನಾಥ. ನೀವು ಅವತ್ತು ಕ್ಲಾಸಿನ್ಯಾಗ ಕುಂತಿದ್ರಿ?”

ಇಲ್ಲ ಎನ್ನುವುದಕ್ಕೆ ಇದ್ದ ಸಮಯ ಒಂದು ಉಸಿರಿನಷ್ಟು. ಆದರೆ ಜಂಬುನಾಥನ ನಾಲಿಗೆ ಅವನ ಬೈಕಿನಂಥದ್ದು, ಕಿಕ್ ಹೊಡೆಯುವ ಮುಂಚೆಯೇ ಹೊರಟುಬಿಡುತ್ತದೆ.

“ಕುಂತಿದ್ದೆ ಅಂದ್ರ ಹೆಂಗ್ ಕುಂತಿದ್ದೆ ಅಂತೀರಿ. ಹಿಂದಿನ ಸಾಲಿನ್ಯಾಗ, ಹುಡುಗ್ರ ನಡುವ. ಟೀಚರ್ ಬಾಯಿ ತೆಗದ್ರು ನೋಡ್ರಿ, ಬಗಲಾಗಿನ ಅಕ್ಕಿ ಮಿಲ್ಲು ತಾನ ಬಂದ್ ಆತು. ಮಿಲ್ಲಿನ ಮಾಲೀಕ ಓಡಿ ಬಂದು ಕರೆಂಟ್ ಹೋತೇನ್ರಿ ಅಂತ ಕೇಳಿದ. ಕಂಪ್ಲಿ ಬಸ್‌ಸ್ಟ್ಯಾಂಡಿನ್ಯಾಗ ನಿಂತ ಬಸ್ಸಿಗೆ ಕೇಳ್ಸಿ ಡ್ರೈವರ್ ಬ್ರೇಕ್ ಹಾಕಿದ.”

“ನಿಂತ ಬಸ್ಸಿಗೆ ಬ್ರೇಕ್ ಯಾಕ ಹಾಕ್ತಾನ?” ಹಿಂದಿನಿಂದ ಹುಲಿಗೇಶ್ ಕೇಳಿದ.

ಸಭೆ ನಕ್ಕಿತು. ಮೇಡಂ ನಗಲಿಲ್ಲ. ಸುಮಲತಾ ಸ್ಲೇಟಿನ ಮೇಲೆ ಏನೋ ಬರೆದು ಎತ್ತಿ ಹಿಡಿದಳು. ದೊಡ್ಡ, ದುಂಡನೆಯ, ಒಂದನೇ ತರಗತಿಯವರೂ ಓದಬಲ್ಲ ಅಕ್ಷರ.

‘ಸರ್, ಯಾವ ಸಾಲು?’

“ಕೊನೀ ಸಾಲು, ತಂಗಿ. ನೀವ ನೋಡಿ ನಮಸ್ಕಾರ ಮಾಡಿದ್ರಿ.”

ರುಮಾಲಿನ ಹಿರಿಯ ಕುರ್ಚಿಯಲ್ಲಿ ತಿರುಗಿ ಕುಳಿತ. ಅವನು ಓಬಳಪ್ಪ, ಶಾಲೆಯ ಪೋಷಕರ ಸಮಿತಿಯ ಅಧ್ಯಕ್ಷ; ಸುಮಲತಾಳನ್ನು ತೆಗೆಯಿರಿ ಎಂದು ದೂರು ಕೊಟ್ಟವನೇ ಅವನು.

“ಒಂದು ಮಾತು ಹೇಳ್ಲೇನ್ರಿ ಮೇಡಂ? ನನಗ ಈ ಟೀಚರ್ ಬ್ಯಾಡ, ಅದು ಬ್ಯಾರೆ ಮಾತು. ನಮ್ಮ ಮೊಮ್ಮಗಳು ಮನಿಗೆ ಬಂದು ಕೈಸನ್ನಿ ಮಾಡ್ತಾಳ, ರೊಟ್ಟಿ ಬೇಕಂದ್ರೂ ಚಪ್ಪಾಳಿ ತಟ್ತಾಳ. ಆದ್ರ ಈ ಸಾಹೇಬ್ರು ಹೇಳೋ ಕೊನೀ ಸಾಲು ಎಲ್ಲೈತಿ ಅಂತ ನನಗ ತಿಳೀವಲ್ದು. ಗಂಟಲು ಹೋದ ದಿನದಿಂದ ಈಕಿ ಹುಡುಗ್ರನ್ನ ದುಂಡಕ ಕುಂದ್ರಸ್ತಾಳ, ನಡುವ ತಾನು. ಸನ್ನಿ ಎಲ್ಲಾರ್ಗೂ ಕಾಣ್ಲಿ ಅಂತ. ಬೆಂಚೆಲ್ಲ ವರಾಂಡದಾಗ ಒಟ್ಟ್ಯಾರ. ನಾ ದಿನಾ ಬಾಗಲಾಗ ನಿಂತು ನೋಡ್ತೀನಿ, ದೂರು ಕೊಡಾಕ ಬೇಕಲ್ಲ.”

ಗೋಡೆಯ ಮೇಲಿನ ಹಸಿರು ಟಿಕ್ಕುಗಳು ಜಂಬುನಾಥನ ಕಣ್ಣಿಗೆ ಒಂದೊಂದೂ ಗೇಣುದ್ದ ಬೆಳೆದವು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸಾಲು ಬಿಡ್ರಿ. ದಿನಾ ಹತ್ತು ಕಡೆ ತಿರಗ್ತೀರಿ, ಒಂದು ಕ್ಲಾಸು ಇನ್ನೊಂದಕ್ಕ ಕಲಸಿರಬಹುದು. ನನಗ ಒಂದ ಮಾತು ಬೇಕು. ಟೀಚರ್ ಅವತ್ತು ಬಾಯಿ ತೆಗದು ಮಾತಾಡಿದ್ರು ಹೌದೋ ಅಲ್ಲೋ? ಹೌದು ಅಂದ್ರ ನಾ ಸಹಿ ಮಾಡ್ತೀನಿ, ನೀವು ಹೋಗಿ ಊಟ ಮಾಡ್ರಿ.”

ಬಾಗಿಲು ತೆರೆದೇ ಇತ್ತು. ಎರಡಕ್ಷರದ ದಾರಿ. ಹೌದು ಎಂದರೆ ಸಾಕು, ಸಾಲು ಮರೆತ ತಪ್ಪೊಂದೇ ಉಳಿಯುತ್ತದೆ, ಸಿಆರ್‌ಪಿ ಹುದ್ದೆ ಉಳಿಯುತ್ತದೆ. ಅಲ್ಲ ಎಂದರೆ ಮುಂದಿನ ಪ್ರಶ್ನೆ ಏನೆಂದು ಅವನಿಗೆ ಗೊತ್ತು. ಈ ವರ್ಷ ಕಳಿಸಿದ ಫಾರ್ಮೆಲ್ಲ ಒಂದೊಂದಾಗಿ ಇದೇ ಗೋಡೆಯ ಮೇಲೆ ಬಂದು ನಿಲ್ಲುತ್ತವೆ.

ಅವನು ಸುಮಲತಾಳ ಕಡೆ ನೋಡಿದ. ಬೇಡುವ ಕಣ್ಣಾಗಿದ್ದರೆ ಹೇಗೋ ತಪ್ಪಿಸಿಕೊಳ್ಳುತ್ತಿದ್ದ. ಅವಳು ಸಿಟ್ಟಿನಿಂದ ನೋಡುತ್ತಿದ್ದಳು. ಬಾಯಿ ತೆರೆದಳು, ಒಂದು ಪದ ಎಳೆಯಲು ನೋಡಿದಳು. ಒಣ ಜೋಳದ ದಂಟು ಮುರಿದಂಥ ಸಪ್ಪಳ ಬಂದು ಅಲ್ಲೇ ನಿಂತಿತು. ತಕ್ಷಣ ಗಂಟಲ ಮೇಲೆ ಕೈ ಒತ್ತಿಕೊಂಡಳು. ಓಬಳಪ್ಪನೇ ಎದ್ದು, “ಬ್ಯಾಡವ, ಬ್ಯಾಡ, ಸುಮ್ಕಿರು,” ಎಂದ.

ಗಂಟೆ ಹೊಡೆದಂಥ ಧ್ವನಿ ಎಂದು ಬರೆದದ್ದು ಈ ಗಂಟಲಿಗೆ.

ಜಂಬುನಾಥ ನೀರು ಕುಡಿಯಲು ಲೋಟ ಎತ್ತಿದ, ಕುಡಿಯದೆ ಇಟ್ಟ.

“ನಾ ಹೋಗಿಲ್ರಿ ಮೇಡಂ.”

“ಎಲ್ಲಿಗೆ?”

“ಕ್ಯಾಂಪಿಗೆ. ಅವತ್ತು ಹೋಗಿಲ್ಲ. ಯಾವತ್ತೂ ಹೋಗಿಲ್ಲ. ಸಾಲಿ ಕಾಲುವಿ ಈ ಕಡೆ ಐತೋ ಆ ಕಡೆ ಐತೋ ಅದೂ ಗೊತ್ತಿಲ್ಲ. ಕಂಪ್ಲಿ ಬಸ್‌ಸ್ಟ್ಯಾಂಡಿನ್ಯಾಗ ಮಿರ್ಚಿ ಮಂಡಕ್ಕಿ ತಿನ್ಕೋತ ಫಾರ್ಮ್ ತುಂಬಿದೆ. ಒಂದು ಮಾಡಿ, ಉಳಿದದ್ದಕ್ಕ ಹೆಸರು ಬದಲು ಮಾಡಿದೆ. ಬೈಕು ಗ್ಯಾರೇಜಿನ್ಯಾಗ ಬಿದ್ದು ಭಾಳ ದಿನ ಆತು.”



ಮೇಡಂ ಮೇಜಿನ ಮೇಲಿದ್ದ ಆರ್ಡರನ್ನು ಎತ್ತಿ ಫೈಲಿನೊಳಗೆ ತಳ್ಳಿದರು. “ಟೀಚರ್, ನಾಳೆ ಮೊದಲನೇ ಪಿರಿಯಡ್ಡಿಗೆ ನಾನ ಬರ್ತೀನಿ. ಹುಡುಗ್ರ ಜೋಡಿ ದುಂಡಕ ಕುಂದ್ರತೀನಿ. ಕಲೀತಾರ ಅನ್ನಿಸಿದ್ರ ಈ ಕಾಗದ ಹರೀತೀನಿ. ಓಬಳಪ್ಪನವ್ರ, ನೀವೂ ಒಳಗ ಬಂದು ಕುಂದ್ರಿ, ಬಾಗಲಾಗ ನಿಲ್ಲಬ್ಯಾಡ್ರಿ.” ಸುಮಲತಾ ತಲೆಯಾಡಿಸಿದಳು. ಸ್ಲೇಟು ಒರೆಸಿ ಮಡಿಲಲ್ಲಿಟ್ಟುಕೊಂಡಳು. ಹಿಡಿದ ಬೆರಳುಗಳಿಗೆ ನಿಧಾನವಾಗಿ ಬಣ್ಣ ಬಂತು.

ಆಮೇಲೆ ಮೇಡಂ ಜಂಬುನಾಥನ ಕಡೆ ತಿರುಗಿದರು. “ಈ ವರ್ಷ ಖರೇನ ಹೋಗಿ ನೋಡಿದ ಕ್ಲಾಸು ಎಷ್ಟು?”

ನದಿಯನ್ನು ಹಿಂದಕ್ಕೆ ಹರಿಸಿದ, ಕೊಕ್ಕರೆಗಳಿಗೆ ಬಣ್ಣ ಬಳಿದ ಜಂಬುನಾಥನ ಬಾಯಿಗೆ ಮೊದಲು ಬಂದದ್ದು ನಲವತ್ತು. ಅದನ್ನು ನುಂಗಿದ. ಹತ್ತು ಎನ್ನೋಣವೆನಿಸಿತು. ಅದೂ ಇಳಿಯಿತು.

“ಎರಡು,” ಎಂದ.

ಮೇಡಂ ಕನ್ನಡಕ ಹಾಕಿಕೊಂಡು ಅವನನ್ನೇ ನೋಡಿದರು.

“ಒಂದ್ರಿ ಮೇಡಂ,” ಎಂದ ಜಂಬುನಾಥ. “ಅದೂ ಕಿಟಕ್ಯಾಗಿಂದ.”